ಒಂದು ಕಾರಿನಷ್ಟು ಕುವೈತ್

ಎಲ್ಲಿಯಾದರೂ ಡಾಂಬರು ಹಾಕುತ್ತಿದ್ದರೆ ನಿಂತು ನೋಡದೆ ಮುಂದೆ ಹೋಗಲಾರದ ಜಾತಿ ನನ್ನದು. ಕೆಲವರಿಗೆ ಕ್ರಿಕೆಟ್ಟು, ಕೆಲವರಿಗೆ ಯಕ್ಷಗಾನ, ಕೆಲವರಿಗೆ ಪಕ್ಕದ ಮನೆಯ ಜಗಳ. ನನಗೆ ರಸ್ತೆ ಕೆಲಸ. ಚಿಕ್ಕಂದಿನಲ್ಲಿ ಉಡುಪಿಯಲ್ಲಿ ರೋಡ್ ರೋಲರಿನ ಹಿಂದೆಯೇ ನಡೆದು ಶಾಲೆಯ ಮೊದಲ ಪೀರಿಯಡ್ಡು ತಪ್ಪಿಸಿಕೊಂಡಿದ್ದೆ. ರೋಲರು ನಿಧಾನ ಹೋದದ್ದು ನನ್ನ ತಪ್ಪೇ ಎಂದು ಕೇಳಿದ್ದಕ್ಕೆ ಮೇಷ್ಟ್ರು ಇನ್ನೆರಡು ಏಟು ಹೆಚ್ಚಿಗೆ ಕೊಟ್ಟರು. ನೋಡಿ ಸುಮ್ಮನಿದ್ದರೂ ಆಗುತ್ತಿತ್ತು, ಆದರೆ ನನಗೆ ಪ್ರಶ್ನೆ ಕೇಳುವ ಚಟವೂ ಉಂಟು. ಡಾಂಬರು ಎಷ್ಟು ಬಿಸಿ ಇರಬೇಕು, ಜಲ್ಲಿ ಯಾಕೆ ಎರಡು ಸೈಜು, ನಡುವೆ ಮಳೆ ಬಂದರೆ ಏನು ಮಾಡುತ್ತೀರಿ, ಹೀಗೆ. ಕೆಲಸದವರು ಮೊದಲು ಇವನು ಇಂಜಿನಿಯರ್ ಇರಬಹುದೆಂದು ಮರ್ಯಾದೆಯಿಂದ ಉತ್ತರ ಕೊಡುತ್ತಾರೆ. ಅಲ್ಲವೆಂದು ಗೊತ್ತಾದ ಮೇಲೆ ಸ್ವಲ್ಪ ದೂರ ನಿಲ್ಲಿ ಅನ್ನುತ್ತಾರೆ. ಸ್ವರ್ಗದ ಬಾಗಿಲಲ್ಲಿ ರಸ್ತೆ ರಿಪೇರಿ ನಡೆಯುತ್ತಿದ್ದರೆ ಇವರು ಒಳಗೆ ಹೋಗುವವರಲ್ಲ ಎಂದು ನನ್ನ ಹೆಂಡತಿ ಶಶಿಕಲಾ ನೆಂಟರಿಷ್ಟರ ಮುಂದೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಇಂಥ ನಾನು, ನಾವಿದ್ದ ಕಟ್ಟಡದ ಅಂಗಳಕ್ಕೇ ಸೀಲ್‌ಕೋಟ್ ಹಾಕಿದ ದಿನ ಅಲ್ಲಿ ಇರಲಿಲ್ಲ ಅಂದರೆ ನಂಬುತ್ತೀರಾ? ನಾವಿದ್ದದ್ದು ಕುವೈತಿನ ಅಬ್ಬಾಸಿಯಾದಲ್ಲಿ. ಒಬ್ಬರ ಬಾಲ್ಕನಿಯ ಒಗ್ಗರಣೆಗೆ ಇನ್ನೊಬ್ಬರ ಬಾಲ್ಕನಿಯಲ್ಲಿ ಸೀನು ಬರುವಷ್ಟು ಒತ್ತೊತ್ತಾದ ಕಟ್ಟಡಗಳು. ನಮ್ಮದಕ್ಕೆ ಹಿಂಬದಿಯಲ್ಲಿ ಕಾರು ನಿಲ್ಲಿಸಲು ಒಂದು ಡಾಂಬರಿನ ಅಂಗಳವಿತ್ತು, ಅದೇ ನಮ್ಮ ಜಂಬ. ಮರುಭೂಮಿಯ ಬಿಸಿಲು ಡಾಂಬರಿನ ಜಿಡ್ಡನ್ನು ಹೀರಿಬಿಡುತ್ತದೆ. ಜಿಡ್ಡು ಹೋದ ಡಾಂಬರು ಬೂದಿ ಬಣ್ಣಕ್ಕೆ ತಿರುಗಿ, ಬಿರುಕು ಬಿಟ್ಟು, ಕೊನೆಗೆ ಜಲ್ಲಿಯಾಗಿ ಚಪ್ಪಲಿಗೆ ಅಂಟಿಕೊಳ್ಳುತ್ತದೆ. ಹಾಗಾಗಬಾರದೆಂದು ಮೇಲೆ ತೆಳ್ಳಗೆ ಒಂದು ಕಪ್ಪು ಲೇಪ ಕೊಡುವುದೇ ಸೀಲ್‌ಕೋಟ್. ಸೆಗಣಿಗೆ ತೆಂಗಿನ ಸಿಪ್ಪೆಯ ಕರಿ ಕಲಸಿ ನಮ್ಮ ಕಡೆ ಅಂಗಳ ಸಾರಿಸುತ್ತಾರಲ್ಲ, ಸುಮಾರಾಗಿ ಅದೇ ಅನ್ನಿ. ತೊಂಬತ್ತನೇ ಇಸವಿಯ ಬೇಸಗೆ ಶುರುವಾಗುವ ಮೊದಲು ಮಾಲೀಕನಿಗೆ ಇದನ್ನು ಮಾಡಿಸುವ ಮನಸ್ಸಾಯಿತು. ಶುಕ್ರವಾರ ಎಲ್ಲರೂ ಕಾರು ತೆಗೆಯಬೇಕೆಂದು ಕಟ್ಟಡದ ಕಾವಲುಗಾರ ಅಬು ಸಯ್ಯದ್ ಮನೆಮನೆಗೆ ಬಂದು ಹೇಳಿಹೋದ. ಅವನು ಈಜಿಪ್ಟಿನವನು, ಮೂರು ಮಹಡಿಯ ಮೆಟ್ಟಿಲು ಹತ್ತಿಸಿದ್ದಕ್ಕೆ ಪ್ರತಿ ಮನೆಯನ್ನೂ ಬೇರೆಬೇರೆಯಾಗಿ ಬೈಯುವಷ್ಟು ಶಿಸ್ತಿನವನು. ನನ್ನ ಹಳೆಯ ಜಪಾನಿ ಕಾರು ಆಗ ಕೆಟ್ಟು ನಿಂತಿತ್ತು. ಅದನ್ನು ತಳ್ಳಿಸಿ ಆಚೆ ನಿಲ್ಲಿಸುತ್ತೇನೆ, ಬುಕ್ರಾ ಅಂದೆ. ಬುಕ್ರಾ ಅಂದರೆ ನಾಳೆ. ಕುವೈತಿಗೆ ಹೋದವರು ಮೊದಲು ಕಲಿಯುವ ಅರಬಿ ಪದ ಅದೇ, ಅದರ ನಿಜವಾದ ಅರ್ಥ ಗೊತ್ತಾಗುವುದು ಮಾತ್ರ ನಿಧಾನವಾಗಿ.

ಆ ಶುಕ್ರವಾರ ನಮ್ಮ ಕಂಪನಿ ಸುಲೈಬಿಯಾದ ಗೋದಾಮಿನಲ್ಲಿ ಸ್ಟಾಕ್ ಎಣಿಸಲು ನನ್ನನ್ನು ಕರೆಸಿಕೊಂಡಿತು, ಸ್ಟೋರ್‌ಕೀಪರ್ ಅಲ್ಲವೇ. ಕಾರಿನ ಕೀಲಿಕೈ ನನ್ನ ಪ್ಯಾಂಟಿನ ಜೇಬಿನಲ್ಲಿ, ಕಾರಿನ ಸ್ಟೀರಿಂಗ್ ಲಾಕಿನಲ್ಲಿ. ಕೆಲಸದವರು ನೂಕಿದರು, ಎತ್ತಿ ನೋಡಿದರು, ನನ್ನ ವಂಶವನ್ನು ಸ್ಮರಿಸಿದರು, ಆಮೇಲೆ ಅದರ ಸುತ್ತಲೂ ಬಳಿದು ಹೋದರು. ವಾರ ಕಳೆದು ಕಾರನ್ನು ರಿಪೇರಿಗೆ ತಳ್ಳಿಸಿದಾಗ ಇಡೀ ಅಂಗಳ ಕರ್ರಗೆ ಮಿರುಗುತ್ತಿತ್ತು, ನಡುವೆ ಮಾತ್ರ ಕಾರಿನ ಉದ್ದಗಲಕ್ಕೆ ಸರಿಯಾಗಿ ಒಂದು ಬೂದು ಚೌಕ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಕಣ್ಣೆದುರಿಗೆ ನಡೆಯಬೇಕಾಗಿದ್ದ ಕೆಲಸ ನೋಡಲು ಸಿಗಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಆದರೆ ಒಂದು ವಿಚಿತ್ರ ನೋಡಿ. ಅಬ್ಬಾಸಿಯಾದಲ್ಲಿ ಕಾರು ಸಿಕ್ಕಬಹುದು, ನಿಲ್ಲಿಸುವ ಜಾಗ ಸಿಕ್ಕುವುದಿಲ್ಲ. ಸಂಜೆಯಾದರೆ ಗಂಡಸರು ಜಾಗ ಹುಡುಕುತ್ತ ಕಟ್ಟಡಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದರು. ಅಂಥದ್ದರಲ್ಲಿ ಆ ಬೂದು ಚೌಕದಲ್ಲಿ ಮಾತ್ರ ಯಾರೂ ನಿಲ್ಲಿಸಲಿಲ್ಲ. ‘ಅದು ಸಂಜೀವಣ್ಣನದ್ದು’ ಅಂದರು. ಗೋಡೆಯಿಲ್ಲ, ಬೇಲಿಯಿಲ್ಲ, ಬೋರ್ಡಿಲ್ಲ, ಆದರೂ ನನ್ನದು. ಹೊರದೇಶದವನು ಒಂದು ಗೇಣು ನೆಲವನ್ನೂ ಕೊಳ್ಳುವ ಹಾಗಿಲ್ಲದ ದೇಶ ಅದು. ವರ್ಷ ವರ್ಷ ದುಡಿದರೂ ಇಕಾಮಾ ಅನ್ನುವ ವಾಸದ ಪರವಾನಗಿ ಮುಗಿದರೆ ಎದ್ದು ನಡೆಯಬೇಕು. ಅಲ್ಲಿ ನನಗೆ ಒಂದು ಕಾರಿನಷ್ಟು ಆಸ್ತಿ ಆಗಿಬಿಟ್ಟಿತು. ಬೆಳಿಗ್ಗೆ ಬಾಲ್ಕನಿಯಿಂದ ಅದನ್ನು ನೋಡುತ್ತ ಚಹಾ ಕುಡಿಯುವಾಗ ನನ್ನ ಅಜ್ಜ ಗದ್ದೆ ನೋಡುತ್ತ ಸುಮ್ಮನೆ ಕೂತಿರುತ್ತಿದ್ದದ್ದು ಯಾಕೆಂದು ಅರ್ಥವಾಗತೊಡಗಿತು.

ಆಗಸ್ಟ್ ತಿಂಗಳಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ್ದು ನಿಮಗೆಲ್ಲ ಗೊತ್ತು. ನನ್ನಂಥವರ ಪಾಲಿಗೆ ಯುದ್ಧವೆಂದರೆ ಒಂದು ಸೂಟ್‌ಕೇಸು, ಬಸ್ಸು, ಜೋರ್ಡಾನಿನ ಡೇರೆ, ಕುಡಿಯುವ ನೀರಿಗೆ ಸಾಲು, ಕೊನೆಗೆ ವಿಮಾನ. ಕಾರಿನ ಕೀಲಿಕೈಯನ್ನು ಅಬು ಸಯ್ಯದ್‌ನ ಕೈಗೆ ಕೊಟ್ಟು ಬಂದೆ, ಅದು ಮತ್ತೆ ಕೆಟ್ಟು ಚೌಕದಲ್ಲೇ ನಿಂತಿತ್ತಾದರೂ. ಮರುವರ್ಷ ಎಲ್ಲ ಮುಗಿದ ಮೇಲೆ ಶಶಿಯ ಆಸ್ಪತ್ರೆಯವರು ನರ್ಸುಗಳನ್ನು ಮೊದಲು ಕರೆಸಿಕೊಂಡರು, ಅವಳು ಹೋದಳು. ಸ್ಟೋರ್‌ಕೀಪರನ ನೆನಪು ಕಂಪನಿಗೆ ನಿಧಾನವಾಗಿ ಬಂತು. ನಾನು ತಲುಪಿದಾಗ ಮನೆಯಲ್ಲಿ ಫ್ರಿಜ್ಜಿಲ್ಲ, ಫ್ಯಾನಿಲ್ಲ, ಒಂದು ಕೋಣೆಗೆ ಬಾಗಿಲೂ ಇಲ್ಲ. ಕಾರೂ ಇಲ್ಲ. ಯಾರೋ ಬಂದೂಕಿನವರು ಬಂದು ಕೀಲಿಕೈ ಕಿತ್ತುಕೊಂಡರಂತೆ. ಸ್ಟಾರ್ಟ್ ಆಗದೆ, ಬಿಸಿಲಿನಲ್ಲಿ ಬೆವರು ಸುರಿಸುತ್ತ ಗೇಟಿನಾಚೆವರೆಗೆ ತಳ್ಳಿಕೊಂಡು ಹೋದರಂತೆ. ನಿನ್ನ ಕಾರು ಅವರಿಗೆ ಕೊಟ್ಟಷ್ಟು ಕಷ್ಟವನ್ನು ಇನ್ಯಾರೂ ಕೊಡಲಿಲ್ಲ ಎಂದು ಅಬು ಸಯ್ಯದ್ ಹೆಮ್ಮೆಯಿಂದ ಹೇಳಿದ. ಅವನು ಅಷ್ಟೂ ತಿಂಗಳು ಕಟ್ಟಡ ಬಿಟ್ಟು ಕದಲಿರಲಿಲ್ಲ. ಅವನನ್ನು ತಬ್ಬಿಕೊಂಡೆ.

ಆಮೇಲೆ ನನ್ನ ಚೌಕ ಹುಡುಕಿದೆ, ಕಾಣಲಿಲ್ಲ. ಸೋತು ಹೋಗುವಾಗ ಇರಾಕಿನವರು ಬೆಂಕಿಯಿಟ್ಟ ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿದ್ದವು. ಮಧ್ಯಾಹ್ನವೂ ದೀಪ ಹಚ್ಚಬೇಕಾಗುವ ದಿನಗಳಿದ್ದವು. ಆಕಾಶದಿಂದ ಜಿಡ್ಡುಜಿಡ್ಡಾದ ಮಸಿ ಇಳಿದು ಗೋಡೆ, ತಂತಿ, ಬೆಕ್ಕು, ಒಣಹಾಕಿದ ಬಟ್ಟೆ ಎಲ್ಲವೂ ಒಂದೇ ಬಣ್ಣವಾಗಿತ್ತು. ನನಗೋ ಅಲ್ಲೂ ಪ್ರಶ್ನೆ: ಮೇಲಿಂದ ಬೀಳುವುದೂ ಎಣ್ಣೆ, ಡ್ರಮ್ಮಿನಲ್ಲಿ ಬರುವ ಡಾಂಬರೂ ಎಣ್ಣೆಯ ಮಗನೇ, ಹಾಗಾದರೆ ಆಕಾಶವೇ ಪುಕ್ಕಟೆಯಾಗಿ ಇಡೀ ದೇಶಕ್ಕೆ ಸೀಲ್‌ಕೋಟ್ ಹಾಕುತ್ತಿದೆ ಅನ್ನಬಹುದೇ? ಶಶಿಯನ್ನು ಕೇಳಿದೆ. ದಿನವಿಡೀ ಕೆಮ್ಮುವವರನ್ನು ನೋಡಿ ಬಂದಿದ್ದ ಅವಳು ಮುಖ ತೊಳೆಯಲು ಹೋದಳು. ಸೋಪಿನ ಪುಡಿ, ಬಕೆಟ್ಟು, ಕಡ್ಡಿಪೊರಕೆ ಹಿಡಿದು ಅಂಗಳಕ್ಕಿಳಿದೆ. ಅಂದಾಜಿನ ಮೇಲೆ ಉಜ್ಜಿದೆ. ಮಸಿಯ ಕೆಳಗೆ ಒಂದು ಕಡೆ ಕಪ್ಪು ಬಂತು, ಅದರ ಪಕ್ಕದಲ್ಲೇ ಗೆರೆ ಎಳೆದ ಹಾಗೆ ಬೂದು. ಮನೆ ದೋಚಿದ್ದು ನೋಡಿ ಬಾರದಿದ್ದ ಅಳು ಅದನ್ನು ನೋಡಿ ಬಂತು. ಮೇಲಿನಿಂದ ಶಶಿ ನೋಡುತ್ತಿದ್ದಳು. ‘ಬಲೀಂದ್ರನ ಹಾಗೆ ರಾಜ್ಯ ನೋಡ್ಲಿಕ್ಕೆ ಬಂದದ್ದಾ ಮಾರಾಯ್ರೆ?’ ಎಂದಳು. ವಾಮನ ಪಾತಾಳಕ್ಕೆ ತುಳಿದ ಬಲಿಗೆ ವರ್ಷಕ್ಕೊಮ್ಮೆ ಬಂದು ತನ್ನ ನೆಲವನ್ನು ನೋಡಿ ಹೋಗುವ ವರ ಉಂಟಲ್ಲ. ನಮ್ಮ ತುಳುನಾಡಿನಲ್ಲಿ ದೀಪಾವಳಿಯ ಸಂಜೆ ದೀಪ ಇಟ್ಟು, ‘ಕೂ’ ಎಂದು ಕೂಗಿ ಅವನನ್ನು ಕರೆಯುತ್ತಾರೆ. ಎಂದೂ ಆಗದ ಷರತ್ತುಗಳನ್ನು ಒಂದೊಂದಾಗಿ ಹೇಳಿ, ಅವೆಲ್ಲ ಆದ ದಿನ ಬಂದು ನಿನ್ನ ರಾಜ್ಯ ತೆಗೆದುಕೋ ಅನ್ನುತ್ತಾರೆ.

ಕಾರಿಲ್ಲದವನಿಗೆ ಪಾರ್ಕಿಂಗ್ ಯಾಕೆ ಎಂದು ಯಾರೂ ಕೇಳಲಿಲ್ಲ. ವಾಪಸು ಬಂದ ಹಳಬರು ಆ ಚೌಕ ಬಿಟ್ಟೇ ನಿಲ್ಲಿಸಿದರು. ನಾನು ಬೆಳಿಗ್ಗೆ ಅದರಲ್ಲಿ ನಿಂತು ಕಂಪನಿಯ ವ್ಯಾನಿಗೆ ಕಾಯುತ್ತಿದ್ದೆ. ಹೀಗಿರುವಾಗ, ದೀಪಾವಳಿ ಹತ್ತಿರ ಬಂದಾಗ, ಮಾಲೀಕ ಮತ್ತೆ ಸೀಲ್‌ಕೋಟ್ ಎಂದ. ಈ ಸಲ ಇಡೀ ಅಂಗಳ, ಒಂದು ಚುಕ್ಕೆಯೂ ಬಿಡಬಾರದು. ಮೇಸ್ತ್ರಿ ಗುಲ್ ಭಾಯಿ ಅನ್ನುವ ಪಠಾಣ. ಅವನ ಹತ್ತಿರ ಹೋಗಿ ಆ ಚೌಕವೊಂದನ್ನು ಬಿಟ್ಟುಬಿಡಲು ಆಗುತ್ತದೆಯೇ ಎಂದು ಹಲ್ಲುಗಿಂಜಿದೆ. ಅವನು ಕೂತು ಬೆರಳಿನಿಂದ ಒತ್ತಿ ತೋರಿಸಿದ: ಸುತ್ತಲಿನ ಡಾಂಬರು ಗಟ್ಟಿ, ನನ್ನದು ಮಾತ್ರ ಬಿರುಕು ಬಿಟ್ಟು ಪುಡಿಯೇಳುತ್ತಿತ್ತು. ನಿನ್ನ ಜಾಗ ಉಳಿಯಬೇಕಾದರೆ ಮುಚ್ಚಬೇಕು ಸಾಬ್, ಹೀಗೇ ಬಿಟ್ಟರೆ ಮೊದಲು ಸಾಯುವುದು ಅದೇ ಎಂದ. ಮುಚ್ಚಿದರೆ ಅದು ನನ್ನದಾಗಿ ಉಳಿಯುವುದಿಲ್ಲ, ಬಿಟ್ಟರೆ ಅದೇ ಉಳಿಯುವುದಿಲ್ಲ. ಎರಡೂ ಕಡೆಯಿಂದ ಸಿಕ್ಕಿಬಿದ್ದೆ. ಕೊನೆಗೆ ಅದನ್ನು ಎಲ್ಲಕ್ಕಿಂತ ಕೊನೆಯಲ್ಲಿ ಬಳಿಯುವುದೆಂದು ಒಪ್ಪಂದವಾಯಿತು.

ಬಲಿಪಾಡ್ಯದ ದಿನ ರಜೆ ಹಾಕಿ, ಹೋದ ಸಲ ತಪ್ಪಿದ್ದನ್ನೆಲ್ಲ ನೋಡಿಯೇ ಬಿಡುವುದೆಂದು ನನ್ನ ಚೌಕದ ಮೇಲೆ ನಿಂತೆ. ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಎಂಥ ಕೆಲಸ ಅಂತೀರಿ! ಮೊದಲು ಸೋಪಿನ ನೀರಿನಿಂದ ಮಸಿ ತೊಳೆದರು. ಜಿಡ್ಡಿನ ಮೇಲೆ ಲೇಪ ಹಿಡಿಯುವುದಿಲ್ಲವಂತೆ, ಹಾಗೆ ಆಕಾಶದ ಸೀಲ್‌ಕೋಟ್ ಯಾವ ಉಪಯೋಗಕ್ಕೂ ಇಲ್ಲವೆಂದು ನನ್ನ ಒಂದು ಸಂಶಯ ಪರಿಹಾರವಾಯಿತು. ಒಣಗಿದ ಮೇಲೆ ಗಾಳಿ ಹೊಡೆದು ಬಿರುಕಿನೊಳಗಿನ ಮರಳು ಹಾರಿಸಿದರು. ಡ್ರಮ್ಮಿನಿಂದ ಸುರಿದದ್ದು ನೋಡಿದರೆ ಕಪ್ಪಲ್ಲ, ಕಾಫಿ ಡಿಕಾಕ್ಷನ್ನಿನ ಬಣ್ಣ! ಉದ್ದ ಹಿಡಿಯ ತುದಿಗೆ ರಬ್ಬರಿನ ಪಟ್ಟಿ ಕಟ್ಟಿ ಎಳೆದ ಹಾಗೆ ಅದು ನೋಡನೋಡುತ್ತ ಕಪ್ಪಾಗುತ್ತಿತ್ತು. ಯಾಕೆ ಎಂದೆ. ನೀರು ಹಾರಿಹೋಗಿ ಡಾಂಬರು ಉಳಿಯುತ್ತದೆ ಎಂದರು. ಎಷ್ಟು ಹೊತ್ತಿಗೆ ಎಂದೆ. ಬಿಸಿಲಿದ್ದ ಹಾಗೆ ಎಂದರು. ಮರಳು ಯಾಕೆ ಕಲಸುವುದು ಎಂದೆ. ಇಲ್ಲದಿದ್ದರೆ ಟಯರು ಜಾರುತ್ತದೆ ಎಂದರು. ಕೇಳುತ್ತ ಕೇಳುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹೊತ್ತು ಮುಳುಗುತ್ತ ಬಂತು, ಗುಲ್ ಭಾಯಿ ಆಕಾಶ ನೋಡಿದ, ಬಿಸಿಲಿಲ್ಲದೆ ಇನ್ನು ಒಣಗುವುದಿಲ್ಲ, ಉಳಿದದ್ದು ಬುಕ್ರಾ ಎಂದು ಸಾಮಾನು ಗೇಟಿನ ಹತ್ತಿರ ಇಟ್ಟು ಹೊರಟ. ಮಾಲೀಕ ಗೇಟಿನಾಚೆ ಕಾರಿನೊಳಗಿಂದಲೇ ನೋಡಿ, ಎಲ್ಲ ಮುಗಿಯಿತೆಂದುಕೊಂಡು ತಲೆಯಾಡಿಸಿ ಹೋದ. ಅಬು ಸಯ್ಯದ್ ನನ್ನ ಕಡೆ ಕಣ್ಣು ಮಿಟುಕಿಸಿ ‘ಖಲಾಸ್’ ಎಂದ. ಇನ್ನು ಯಾರೂ ಬರುವುದಿಲ್ಲ, ನಿನ್ನ ಚೌಕ ಉಳಿಯಿತು ಎಂದು ಅದರ ಅರ್ಥ. ಸಂತೋಷದಿಂದ ಮನೆಗೆ ಹೋಗೋಣವೆಂದು ಹೆಜ್ಜೆ ಎತ್ತಿದೆ. ಇಡುವುದೆಲ್ಲಿ? ನಾಲ್ಕು ಕಡೆಯೂ ಹಸಿ ಕಪ್ಪು.

ಶಶಿ ಡ್ಯೂಟಿ ಮುಗಿಸಿ ಬಂದವಳು ಬಾಲ್ಕನಿಯಿಂದ ನೋಡಿದಳು. ‘ಅಂಗಳ ಸಾರಿಸುವವರು ಹಿಂದೆ ಹಿಂದೆ ಬಾಗಿಲಿನ ಹತ್ರ ಬರ್ತಾರೆ. ನೀವು ಎಂತ ನಡುವಿನಲ್ಲಿ ನಿಂತದ್ದು?’ ಎಂದಳು. ನೋಡುತ್ತಿದ್ದೆ ಎಂದೆ. ಅವಳು ಒಳಗೆ ಹೋಗಿ ಹಣತೆ ತಂದು ಬಾಲ್ಕನಿಯ ಕಟ್ಟೆಯ ಮೇಲಿಟ್ಟಳು. ಕೈ ಮುಗಿದಳು. ಪೂಜೆ ಮಾಡುತ್ತಿದ್ದಾಳೆಂದು ನಾನೂ ಕೆಳಗಿನಿಂದ ಭಕ್ತಿಯಿಂದ ಕೈ ಮುಗಿದೆ. ಆಗ ಇಡೀ ಬೀದಿಗೆ ಕೇಳುವ ಹಾಗೆ ಶುರುಮಾಡಿದಳು:

‘ಬಲೀಂದ್ರಾ, ಬಾವಿಯ ಬೆಂಕಿ ಆರಿದಾಗ ಬಾ. ಬುಕ್ರಾ ಅನ್ನುವವರು ಈಗಲೇ ಅಂದಾಗ ಬಾ. ರಸ್ತೆ ಕೆಲಸ ಕಂಡು ನನ್ನ ಗಂಡ ಬಾಯಿ ಮುಚ್ಚಿಕೊಂಡು ಮುಂದೆ ಹೋದಾಗ ಬಾ. ಬಂದು ನಿನ್ನ ರಾಜ್ಯ ತಗೋ. ಕೂ...’

ಪಕ್ಕದ ಬಾಲ್ಕನಿಯಿಂದ ಕಾರ್ಕಳದವರು ‘ಕೂ’ ಎಂದರು. ಅದರ ಮೇಲಿನಿಂದ ಕುಂದಾಪುರದವರು. ಏನೂ ಅರ್ಥವಾಗದ ಮಲಯಾಳಿಗಳೂ ಸೇರಿಕೊಂಡರು. ಒಂದು ವರ್ಷದಿಂದ ಆ ಕಟ್ಟಡದಲ್ಲಿ ಅಷ್ಟು ಜನ ಒಟ್ಟಿಗೆ ನಕ್ಕದ್ದು ಇರಲಿಲ್ಲ. ಬಲೀಂದ್ರನಾದ ಮೇಲೆ ನಾನೂ ಸುಮ್ಮನಿರಬಾರದೆಂದು ಕೈ ಎತ್ತಿ ‘ಕೂ’ ಎಂದೆ. ಕೊನೆಗೆ ಅಬು ಸಯ್ಯದ್ ಯಾವುದೋ ಮನೆಯ ಮುರಿದ ಬಾಗಿಲು ತಂದು ಹಾಸಿದ. ಅದು ಸಾಲದೆ ಉಳಿದಷ್ಟನ್ನು ಬರಿಗಾಲಿನಲ್ಲಿ ಹಾರಿದೆ. ಅಂಗಾಲಿನ ಡಾಂಬರು ಬಿಡಿಸಲು ಶಶಿ ಬಾಟಲಿ ತುಂಬ ತೆಂಗಿನೆಣ್ಣೆ ಉಜ್ಜಿದಳು. ಆ ವರ್ಷದ ದೀಪಾವಳಿಯ ಎಣ್ಣೆಸ್ನಾನ ನನಗೆ ಮೊಣಕಾಲಿನ ಕೆಳಗೇ ಮುಗಿಯಿತು.

ಮರುದಿನ ಬೆಳಿಗ್ಗೆ ರೇಡಿಯೋದವರು ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದರು, ಕೊನೆಯ ಬಾವಿಯ ಬೆಂಕಿಯೂ ಆರಿತ್ತು. ಎಂದೂ ಆಗದ್ದೆಂದುಕೊಂಡ ಒಂದು ಷರತ್ತು ಆಗಿಹೋಯಿತಲ್ಲ! ವ್ಯಾನಿಗೆಂದು ಕೆಳಗಿಳಿದೆ. ಗೇಟಿನ ಹತ್ತಿರ ಗುಲ್ ಭಾಯಿ ಖಾಲಿ ಡ್ರಮ್ಮುಗಳನ್ನು ಪಿಕಪ್ಪಿಗೆ ಏರಿಸುತ್ತಿದ್ದ. ನನ್ನ ಚೌಕದ ಕಡೆ ಅವನು ತಿರುಗಿಯೂ ನೋಡಲಿಲ್ಲ, ಮರೆತೇಬಿಟ್ಟಿದ್ದ. ಒಂದು ಬಕೆಟ್ಟಿನ ತಳದಲ್ಲಿ ಸ್ವಲ್ಪ ಲೇಪ ಉಳಿದಿತ್ತು. ಸಲಾಂ ಹೇಳಿ ಹೊರಟೆ, ನಿಜವಾಗಿಯೂ ಹೊರಟೆ. ವ್ಯಾನಿನ ಬಾಗಿಲಿಗೆ ಕೈ ಹಾಕಿದವನಿಗೆ ತಲೆಯಲ್ಲಿ ಏನೋ ಕಡಿಯಿತು. ತಿರುಗಿ ಬಂದು ಕೇಳಿದೆ: ‘ಗುಲ್ ಭಾಯಿ, ಹಿಂದೆ ಲೇಪ ಕಂಡ ನೆಲಕ್ಕೂ, ಅಲ್ಲಿ ನನ್ನ ಚೌಕದ ಹಾಗೆ ಏನೂ ಕಾಣದ ನೆಲಕ್ಕೂ ಒಂದೇ ಅಳತೆಯ ಲೇಪ ಸಾಕಾಗುತ್ತದಾ?’

ಅವನು ತಿರುಗಿ ಚೌಕ ನೋಡಿದ. ಬಕೆಟ್ಟು ನೋಡಿದ. ‘ಅರೇ ಸಾಬ್, ಒಳ್ಳೆಯದಾಯಿತು ನೆನಪು ಮಾಡಿದಿರಿ. ಅಭೀ ಕರ್ ದೇತಾ ಹೂಂ’ ಎಂದ. ಈಗಲೇ ಎಂದ! ಎರಡನೆಯ ಷರತ್ತೂ ಆಯಿತು. ಪಟ್ಟಿ ಎಳೆಯುತ್ತಲೇ ಅವನು ವಿವರವಾಗಿ ಉತ್ತರ ಕೊಟ್ಟ, ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಅವನ ಉತ್ತರ ಮುಗಿಯುವಷ್ಟರಲ್ಲಿ ನನ್ನ ರಾಜ್ಯವೂ ಮುಗಿದಿತ್ತು.

ಸಂಜೆ ಶಶಿ ಬಾಲ್ಕನಿಯಿಂದ ಬಹಳ ಹೊತ್ತು ಕೆಳಗೆ ನೋಡಿದಳು. ಅಂಗಳ ಈ ತುದಿಯಿಂದ ಆ ತುದಿಗೆ ಒಂದೇ ಕಪ್ಪು. ನನ್ನ ಚೌಕ ಎಲ್ಲಿತ್ತೆಂದು ನನಗೇ ತೋರಿಸಲು ಬರುತ್ತಿರಲಿಲ್ಲ. ‘ಹೋಯ್ತಾ ಮಾರಾಯ್ರೆ?’ ಎಂದು ಮೆತ್ತಗೆ ಕೇಳಿದಳು. ಅವಳಿಗೂ ಬೇಸರವಾಗಿತ್ತು.

‘ಲೇಪ ಕಾಣದ ನೆಲ ಜಾಸ್ತಿ ಕುಡಿಯುತ್ತದಂತೆ,’ ಎಂದೆ.