ಅತ್ತೆಯವರಿಗೊಂದು ರೊಟ್ಟಿ ಗೇಮ್

ಅಮೀರ್‌ಪೇಟೆಯಲ್ಲಿ ವೆಬ್ ಡಿಸೈನ್ ಕಲಿತು, ಬೇಗಂಪೇಟೆಯ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಹಿಡಿದ ಮೇಲೆ ನನಗೊಂದು ವಿಷಯ ಖಚಿತವಾಗಿತ್ತು. ಬ್ರೌಸರಿನಲ್ಲಿ ಆಡುವ ಪುಟ್ಟ ಗೇಮ್ ಮಾಡುವುದು ಬ್ರಹ್ಮವಿದ್ಯೆಯೇನಲ್ಲ. ಬೇರೆಯವರಿಗೆ ಕಷ್ಟವಿರಬಹುದು. ನನಗಲ್ಲ!

ಹೈದರಾಬಾದಿನಲ್ಲಿ ಗಲ್ಲಿಗೊಂದು ಸಾಫ್ಟ್‌ವೇರ್ ಬೋರ್ಡು ಏಳುತ್ತಿದ್ದ ಕಾಲ ಅದು. ನಾನು ಮೈಸೂರಿನವಳು. ನನ್ನ ಗಂಡ ಶರಣಪ್ಪ ರಾಯಚೂರಿನವರು, ಬ್ಯಾಂಕಿನ ನೌಕರ. ಕಂಪ್ಯೂಟರನ್ನು ಆನ್ ಮಾಡುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಆಫ್ ಮಾಡುವುದರಲ್ಲಿ ಸ್ವಲ್ಪ ಅನುಮಾನ.

ಮದುವೆಯಾದ ಮೇಲೆ ಮೊದಲ ಸಲ ಅತ್ತೆ ನಮ್ಮ ಮನೆಗೆ ಬಂದಿದ್ದರು. ಜೋಳದ ರೊಟ್ಟಿ ತಟ್ಟುವ ಪರೀಕ್ಷೆಯಲ್ಲಿ ಅವರು ಬಂದ ದಿನವೇ ನಾನು ನಪಾಸಾಗಿದ್ದೆ. ಒಂದು ಸಂಜೆ ಅವರು ಕೇಳಿದರು.

"ಸುಮಾ, ಮುಂಜಾನೆ ಹೋಗಿ ಸಂಜಿಗೆ ಬರ್ತಿ. ಆಫೀಸಿನ್ಯಾಗ ಖರೇನ ಏನ್ ಮಾಡ್ತಿ?"

"ವೆಬ್‌ಸೈಟ್ ಮಾಡ್ತೀನಿ ಅತ್ತೆ."

"ಅಂದ್ರ?"

ನಾನು ಎಷ್ಟು ವಿವರಿಸಿದರೂ ಅದು "ಅಂದ್ರ?" ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತು. ಹೇಳಿ ಪ್ರಯೋಜನವಿಲ್ಲ, ಮಾಡಿಯೇ ತೋರಿಸಬೇಕು ಎಂದು ತೀರ್ಮಾನಿಸಿದೆ. ಒಲೆಯ ಮುಂದೆ ಹೋದ ಮರ್ಯಾದೆಯನ್ನು ಮಾನಿಟರಿನ ಮುಂದೆ ವಾಪಸ್ ತರುವ ಘನ ಉದ್ದೇಶ!

ಗೇಮು ಸರಳ. ಮೇಲಿನಿಂದ ರೊಟ್ಟಿ ಬೀಳುತ್ತವೆ, ಕೆಳಗೆ ಬುಟ್ಟಿ ಹಿಡಿಯಬೇಕು. ರೊಟ್ಟಿ ತಪ್ಪಿದರೆ ಸ್ಟೀಲ್ ತಟ್ಟೆ ಬಿದ್ದ ಸದ್ದು. ಅದಕ್ಕಾಗಿ ಅಡುಗೆಮನೆಯಲ್ಲಿ ನಿಜವಾದ ತಟ್ಟೆಯನ್ನೇ ಬೀಳಿಸಿ ರೆಕಾರ್ಡ್ ಮಾಡಿದ್ದೆ. ಆಗ ಬ್ರೌಸರಿನಲ್ಲಿ ಕನ್ನಡ ಅಕ್ಷರ ಮೂಡಿಸುವುದೇ ಒಂದು ತಪಸ್ಸು. ಹಾಗಾಗಿ ಸೋತವರಿಗೆಂದು ಒಂದು ಸಾಲನ್ನು ಚಿತ್ರವಾಗಿ ಬರೆದು ಅಂಟಿಸಿದೆ: "ಸೋತೆ! ಇಷ್ಟೂ ಬರಲ್ವಾ ನಿಂಗೆ?" ಆಫೀಸಿನ ಗೆಳತಿಯರು ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೇನು ಬೇಕು?

ಭಾನುವಾರ ಅತ್ತೆ ಸೆರಗು ಸಿಕ್ಕಿಸಿಕೊಂಡು ಕಂಪ್ಯೂಟರ್ ಮುಂದೆ ಕೂತರು. ನಾನು ಪೇಜು ತೆರೆದೆ. "ಶುರು" ಎಂಬ ಬಟನ್ ಇಡುವುದು ಮರೆತುಹೋಗಿತ್ತು. ಅವರು ಕನ್ನಡಕ ಏರಿಸುವಷ್ಟರಲ್ಲಿ ಮೊದಲ ರೊಟ್ಟಿ ನೆಲ ಸೇರಿತು. ಖಣಲ್!

"ಅಯ್ಯ, ನಾ ಇನ್ನಾ ತಯಾರ ಆಗಿಲ್ಲ!"

"ಬಾಣದ ಗುರುತಿನ ಕೀ ಒತ್ತಿ ಅತ್ತೆ."

ಅವರು ಒತ್ತಿದರು. ಆದರೆ ಕೆಳಮುಖದ ಬಾಣ. ಇಡೀ ಪೇಜು ಸರ್ರನೆ ಸರಿದು ಬುಟ್ಟಿಯೇ ಮಾಯ!

"ಬುಟ್ಟಿ ಎಲ್ಲಿ ಹೋತು?"

"ಇಲ್ಲೇ ಇದೆ ಅತ್ತೆ, ಪೇಜು ಮೇಲೆ ಹೋಯ್ತು ಅಷ್ಟೆ."

"ನೆಲಾನ ಓಡಾಡಾಕತ್ತಿದ್ರ ರೊಟ್ಟಿ ಹೆಂಗ ಹಿಡೀಬೇಕು?"

ಖಣಲ್! ಖಣಲ್! ಆಟ ಮುಗಿಯಿತು. ಪರದೆಯ ತುಂಬ ನನ್ನ ಸಾಲು ಮೂಡಿತು. ಅತ್ತೆ ಒಂದೊಂದೇ ಪದ ಓದಿದರು. "ಸೋತೆ... ಇಷ್ಟೂ... ಬರಲ್ವಾ... ನಿಂಗೆ?"

ಕನ್ನಡಕ ತೆಗೆದು ಮಗನ ಕಡೆ ತಿರುಗಿದರು.

"ಶರಣೂ, ನಿನ್ನ ಹೇಣ್ತಿ ನನಗ 'ನಿಂಗೆ' ಅಂತಾಳಲ್ಲೋ!"

"ಅದು ಕಂಪ್ಯೂಟರ್ ಹೇಳೋದು ಅತ್ತೆ, ನಾನಲ್ಲ!"

"ಕಂಪ್ಯೂಟರಿಗೆ ಮೈಸೂರ್ ಮಾತು ಯಾರ್ ಕಲಿಸಿದ್ರು?"

ನನ್ನ ಗಂಡ ವೀರಾವೇಶದಿಂದ ಮುಂದೆ ಬಂದರು. "ಯವ್ವಾ, ಈ ಗೇಮ್ ನಾ ಮಾಡೀನಿ. ಮೈಸೂರಾಕಿ ಜೋಡಿ ಇದ್ದು ಇದ್ದು ನನ್ನ ಮಾತೂ ಹಿಂಗಾಗೈತಿ."

"ಹಂಗಾದ್ರ ಈಕಿ ಏನ್ ಮಾಡ್ತಾಳ?"

ನನ್ನನ್ನು ಉಳಿಸಲು ಹೋಗಿ ನನ್ನ ಕೆಲಸವನ್ನೇ ಕಿತ್ತುಕೊಂಡಿದ್ದರು!

ಅತ್ತೆ ಬಿಟ್ಟುಕೊಡುವವರಲ್ಲ. ಗೆದ್ದೇ ಏಳುತ್ತೇನೆಂದು ಮತ್ತೆ ಮತ್ತೆ ಆಡಿದರು. ಸೋಲಿಗೊಂದು ಬೈಗುಳ, ರೊಟ್ಟಿಗೊಂದು ಖಣಲ್. ಸದ್ದು ನಿಲ್ಲಿಸುವ ಬಟನ್ ಕೂಡ ನಾನು ಇಟ್ಟಿರಲಿಲ್ಲ. ಸ್ಪೀಕರಿನ ವೈರು ಕೀಳಲು ಹೋದರೆ, "ಮುಟ್ಟಬ್ಯಾಡ, ಎಲ್ಲಾ ಬಂದ್ ಆಗ್ತೈತಿ!" ಎಂದು ಗದರಿದರು. ಅಷ್ಟರಲ್ಲಿ ಕರೆಗಂಟೆ. ಪಕ್ಕದ ಮನೆಯ ಪದ್ಮಾ ಆಂಟಿ!

"ಏಮೈಂದಿ ಸುಮಾ? ಪ್ಲೇಟ್ಲು ಎವರು ವಿಸಿರೇಸ್ತುನ್ನಾರು?"

ತಟ್ಟೆ ಎಸೆಯುತ್ತಿರುವವರು ಯಾರು ಎಂಬುದು ಅವರ ಪ್ರಶ್ನೆ. ಗೇಮು ಎಂದರೆ ನಂಬಲಿಲ್ಲ. ಅತ್ತೆಯ ಕೆಂಪೇರಿದ ಮುಖ ನೋಡಿ, ನನ್ನತ್ತ ಒಂದು ನೋಟ ಬೀರಿ, ಅತ್ತೆಯ ಕೈ ಹಿಡಿದು ಹಿಂದಿಯಲ್ಲಿ ಹೇಳಿದರು. "ಮಾಜೀ, ದೋ ದಿನ್ ಹಮಾರೇ ಘರ್ ಆಜಾಯಿಯೇ." ತಟ್ಟೆ ಎಸೆಯುವ ಸೊಸೆಯಿಂದ ಪಾರಾಗಲು ಎರಡು ದಿನ ತಮ್ಮ ಮನೆಗೆ ಬನ್ನಿ ಎಂಬ ಕರೆ!

ಮರುದಿನ ಆಫೀಸಿಗೆ ರಜೆ ಹಾಕಿ ರಿಪೇರಿಗೆ ಕೂತೆ. ಸದ್ದು ತೆಗೆದೆ. ಶುರು ಬಟನ್ ಇಟ್ಟೆ. ಪೇಜು ಅಲುಗದಂತೆ ಕಟ್ಟಿಹಾಕಿದೆ. ಬೈಗುಳದ ಜಾಗದಲ್ಲಿ "ತಾವು ದಯವಿಟ್ಟು ಇನ್ನೊಮ್ಮೆ ಪ್ರಯತ್ನಿಸಬೇಕಾಗಿ ವಿನಂತಿ" ಎಂದು ಬರೆದೆ. ಯಾವುದಕ್ಕೂ ಇರಲಿ ಎಂದು ಬುಟ್ಟಿಯನ್ನೂ ಅಗಲ ಮಾಡಿದೆ. ಎಷ್ಟು ಅಗಲವೆಂದರೆ, ಪರದೆಯ ಆ ಅಂಚಿನಿಂದ ಈ ಅಂಚಿನವರೆಗೆ!

ಅತ್ತೆ ಕೈಕಟ್ಟಿ ಕೂತರು. ರೊಟ್ಟಿ ತಾವಾಗಿಯೇ ಬುಟ್ಟಿಗೆ ಬಿದ್ದವು. ಅಂಕ ಏರುತ್ತಲೇ ಹೋಯಿತು. ಅತ್ತೆ ಆಕಳಿಸಿದರು.

"ಸೋಲೂದ ಇಲ್ಲಂದ್ರ ಗೆದ್ದು ಏನ್ ಮಾಡೂದು?" ಎಂದು ಮೆಂತೆ ಸೊಪ್ಪು ಬಿಡಿಸಲು ಎದ್ದು ಹೋದರು. ಅಮೀರ್‌ಪೇಟೆಯಲ್ಲಿ ಫೀಸು ಕಟ್ಟಿಯೂ ಕಲಿಯದ ಪಾಠವನ್ನು ಮೆಂತೆ ಕಟ್ಟಿನ ಜೊತೆ ಕಲಿತೆ.

ಕೆಲವು ದಿನ ಬಿಟ್ಟು ನಾನು ಆಫೀಸಿನಿಂದ ಬರುವಾಗ ಮೆಟ್ಟಿಲವರೆಗೂ ನಗು ಕೇಳಿಸುತ್ತಿತ್ತು. ಒಳಗೆ ಅತ್ತೆ ಮೌಸ್ ಹಿಡಿದು ಕೂತಿದ್ದಾರೆ, ಪಕ್ಕದಲ್ಲಿ ಪದ್ಮಾ ಆಂಟಿ. ನನ್ನ ಗಂಡ ಇಂಟರ್ನೆಟ್ಟಿನಲ್ಲಿ ಎಲ್ಲೋ ಹುಡುಕಿ ಒಂದು ಗೇಮ್ ತೆರೆದು ಕೊಟ್ಟಿದ್ದರು. ಮರದ ಮೇಲಿನ ಮಂಗ ಹಣ್ಣು ಎಸೆಯುತ್ತದೆ. ಹಿಡಿದರೆ ಹಲ್ಲು ಕಿರಿಯುತ್ತದೆ, ತಪ್ಪಿದರೆ ತನ್ನ ಹಣೆ ತಾನೇ ಚಚ್ಚಿಕೊಳ್ಳುತ್ತದೆ. ಅಷ್ಟೇ! ಕೀ ಇಲ್ಲ, ಉಪದೇಶವಿಲ್ಲ. ಸೋತ ಕೂಡಲೇ ಹೊಸ ಆಟ ಸಿದ್ಧ.

"ಅಯ್ಯ, ಕೂದಲೆಳಿಯಾಗ ತಪ್ಪಿತು! ಇನ್ನೊಂದ್ ಸಲ!" ಎಂದು ಅತ್ತೆ ಸೋಲಿಗೂ ನಗುತ್ತಿದ್ದರು. ಯಾವ ದೇಶದ ಯಾವ ಪುಣ್ಯಾತ್ಮ ಮಾಡಿದ್ದೋ! ನನಗೆ ಮೈಯೆಲ್ಲ ಉರಿಯಿತು.

ನನ್ನನ್ನು ಕಂಡೊಡನೆ ಅತ್ತೆ ಪದ್ಮಾ ಆಂಟಿಯ ಕಡೆ ತಿರುಗಿ ತಮ್ಮ ಹಿಂದಿಯಲ್ಲಿ ಹೆಮ್ಮೆಯಿಂದ ಹೇಳಿದರು. "ಹಮಾರಾ ಬಹೂ ಬನಾಯಾ! ಭಾಳ ಹುಷಾರ್ ಹೈ!" ಮಂಗನ ಆಟ ಮಾಡಿದ್ದು ಸೊಸೆಯೇ ಎಂದು ನಂಬಿಬಿಟ್ಟಿದ್ದರು!

"ಔರ್ ವೋ ಪ್ಲೇಟ್‌ವಾಲಾ ಗೇಮ್?" ಹಾಗಾದರೆ ಆ ತಟ್ಟೆ ಸದ್ದಿನ ಗೇಮ್ ಯಾರದೆಂದು ಪದ್ಮಾ ಆಂಟಿ ಕೇಳಿದರು.

"ವೋ ಮೇರಾ ಬೇಟಾ ಬನಾಯಾ." ಮಗ ಅಂದು ಹೇಳಿದ ಸುಳ್ಳನ್ನೇ ನಂಬಿದ್ದ ಅತ್ತೆ ಕೈ ಝಾಡಿಸಿದರು. "ಬ್ಯಾಂಕಿನ ಮಂದಿಗೆ ಇದೆಲ್ಲಾ ಯಾಕ ಬೇಕಿತ್ತು!"

ನನ್ನ ಗಂಡ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ನಾನೇ ಬಾಯಿ ತೆರೆದೆ. "ಅತ್ತೆ, ಈ ಮಂಗ..."

"ಭಾಳ ಛಂದ ಮಾಡೀದಿ ಬಿಡವಾ," ಎಂದು ಅತ್ತೆ ನನ್ನ ಬೆನ್ನು ತಟ್ಟಿದರು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನನ್ನ ಬೆನ್ನಿಗೆ ಆ ಕೈ ಸೋಕಿದ್ದು ಅದೇ ಮೊದಲು. ಸತ್ಯ ಗಂಟಲವರೆಗೆ ಬಂದಿತ್ತು. ನುಂಗಿಕೊಂಡು, ತಲೆ ತಗ್ಗಿಸಿ, "ಥ್ಯಾಂಕ್ಸ್ ಅತ್ತೆ" ಎಂದೆ.

ಮಂಗನನ್ನು ಮಾಡಿದವರು ಯಾರೋ. ಮಂಗ ಆದವಳು ಮಾತ್ರ ನಾನು!