ಮನೆಗೊಂದು ವೋಟು, ಸಂಘಕ್ಕೊಬ್ಬ ಗಣಪ

ಊರಿನಲ್ಲಿ ಪಂಚಾಯಿತಿ ಚುನಾವಣೆ ಬಂತೆಂದರೆ ನಮ್ಮ ತಂದೆ ಬೆಳಿಗ್ಗೆಯೇ ಹೋಗಿ ವೋಟು ಹಾಕಿ ಬಂದು, ಬಾಗಿಲು ಮುಂದೆ ಮಾಡಿ, ಜಪಕ್ಕೆ ಕೂತುಬಿಡುತ್ತಿದ್ದರು. ಯಾರ ನಿಷ್ಠುರವೂ ಬೇಡ ಎಂಬುದು ಅವರ ಲೆಕ್ಕ. ನಾನೂ ಹಾಗೆಯೇ ಇದ್ದುಬಿಡೋಣ ಅಂದುಕೊಂಡವನು. ಆದರೆ ಈ ನಿಷ್ಠುರವೆಂಬುದು ನನ್ನ ವಿಳಾಸ ವಿಚಾರಿಸಿಕೊಂಡು ಟೋಕಿಯೋದವರೆಗೂ ಬರುತ್ತದೆ. ಒಮ್ಮೆ ಬಂದು ಹೋದರೆ ಆಯಿತೇ? ಇಲ್ಲ, ಮತ್ತೆ ಮತ್ತೆ ಬರುತ್ತದೆ, ಅದೂ ಗಣೇಶನ ಹಬ್ಬ ಹತ್ತಿರವಾದಾಗ. ಕೊರೊನಾದ ಎರಡನೆಯ ವರ್ಷ ಬಂದದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

ನಮ್ಮದೊಂದು ಕನ್ನಡ ಸಂಘವಿದೆ. ಅದರಲ್ಲಿ ಎರಡು ಗುಂಪು: ನಮ್ಮದು, ಮತ್ತು ಆ ಕಡೆಯವರದು. ಅಧ್ಯಕ್ಷರ ಚುನಾವಣೆಗೆ ಮೊದಲು ಪ್ರತಿ ಗುಂಪೂ ತನ್ನೊಳಗೇ ವೋಟು ಹಾಕಿ ತನ್ನ ಅಭ್ಯರ್ಥಿಯನ್ನು ಆರಿಸಬೇಕು. ಮನೆಗೆ ಒಂದೇ ವೋಟು. ನಾನು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವವನಾದರೂ ಹಳ್ಳಿ ಶಾಲೆಯ ಜೊತೆಗೆ ನಾಲ್ಕು ಮಂತ್ರ ಕಲಿತವನಾದ್ದರಿಂದ ಸಂಘದ ಗಣೇಶನ ಪೂಜೆ ನನ್ನದೇ. ಹಾಗಾಗಿ ಎಲ್ಲರೂ ನನ್ನನ್ನು 'ಭಟ್ರೇ' ಅನ್ನುತ್ತಾರೆ.

೧. ಹೂವಿನ ಪ್ರಸಾದ

ಆ ವರ್ಷ ನಮ್ಮ ಗುಂಪಿನಲ್ಲಿ ನಿಂತವರು ಇಬ್ಬರು. ಒಬ್ಬರು ಯೋಕೋಹಾಮಾದ ಹಿರಿಯರು. ನಾನು ಈ ದೇಶಕ್ಕೆ ಕಾಲಿಟ್ಟ ದಿನ ವಿಮಾನ ನಿಲ್ದಾಣಕ್ಕೆ ಬಂದು, ನನ್ನ ಹುಣಿಸೆಹಣ್ಣಿನ ಗಂಟು ತಾವೇ ಹೊತ್ತು ಮನೆ ಮುಟ್ಟಿಸಿದವರು. ಇನ್ನೊಬ್ಬರು ನಿಶಿ ಕಸಾಯಿ ಬಡಾವಣೆಯ ಡಾಕ್ಟರಮ್ಮ. ರೋಗಿಗಳನ್ನು ನೋಡುವ ಡಾಕ್ಟರಲ್ಲ, ಸಂಶೋಧನೆ ಮಾಡುವವರು. ಆದರೂ ಲಸಿಕೆಗೆ ಹೆಸರು ಬರೆಸುವುದರಿಂದ ಹಿಡಿದು ಜ್ವರ ಬಂದವರ ಮನೆಗೆ ಗಂಜಿ ಮುಟ್ಟಿಸುವವರೆಗೆ ಆ ಎರಡು ವರ್ಷ ಎಲ್ಲ ಮಾಡಿದವರು ಅವರೇ. ನನ್ನ ನಿಷ್ಠೆ ಹಿರಿಯರಿಗೆ, ನನ್ನ ಹೆಂಡತಿಯ ನಿಷ್ಠೆ ಡಾಕ್ಟರಮ್ಮನಿಗೆ. ವೋಟು ಮಾತ್ರ ಒಂದೇ.

ಎರಡು ದಿನ ವಾದ ಮಾಡಿದೆವು. ಮೂರನೆಯ ದಿನ, "ನಮ್ಮ ಮಾತು ಬೇಡ, ದೇವರನ್ನೇ ಕೇಳಿಬಿಡೋಣ" ಅಂದೆ. ಅವಳೂ ಒಪ್ಪಿದಳು. ಹಾಸಿಗೆ ಮಡಚಿಡುವ ಗೋಡೆ ಕಪಾಟಿನ ಮೇಲಿನ ಅರೆಯೇ ನಮ್ಮ ದೇವರ ಮನೆ. ಗಣಪನ ತಲೆಯ ಮೇಲೆ ಒಂದು ಸೇವಂತಿಗೆ ಇಟ್ಟೆ. ಬಲಕ್ಕೆ ಬಿದ್ದರೆ ಹಿರಿಯರು, ಎಡಕ್ಕೆ ಬಿದ್ದರೆ ಡಾಕ್ಟರಮ್ಮ. ಇಬ್ಬರೂ ಕೈಮುಗಿದು ಕೂತೆವು. ಹೂ ಅಲ್ಲಾಡಲಿಲ್ಲ. ಕಾಲು ಜೋಮು ಹಿಡಿಯಿತು. ಹೂ ಆಗಲೂ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಕಿಟಕಿಯ ಗಾಜು ಗಳಗಳ ಅಂದಿತು. ತೂಗುದೀಪ ಉಯ್ಯಾಲೆಯಾಡಿತು. ಇಲ್ಲಿ ಭೂಮಿ ಆಗಾಗ ಮೈಮುರಿಯುತ್ತದೆ, ಅದೇನೂ ಹೊಸದಲ್ಲ. ನಿಂತ ಮೇಲೆ ನೋಡಿದರೆ ಹೂ ಗಣಪನ ಬಲಗಡೆ ಬಿದ್ದಿತ್ತು.

"ಪ್ರಸಾದ ಆಯ್ತು!" ಅಂದೆ.

"ಅದು ಪ್ರಸಾದ ಅಲ್ಲ ರೀ, ಭೂಕಂಪ."

"ಭೂಕಂಪ ಕಳಿಸೋರು ಯಾರು? ಅವನೇ ತಾನೆ?"

"ಹಾಗಾದ್ರೆ ಇಡೀ ಟೋಕಿಯೋ ಅಲ್ಲಾಡ್ತಲ್ಲ, ಎಲ್ಲಾರೂ ನಿಮ್ಮ ಹಿರಿಯರಿಗೇ ವೋಟು ಹಾಕ್ಬೇಕಾ?"

ಇದಕ್ಕೆ ಶಾಸ್ತ್ರದಲ್ಲಿ ಉತ್ತರವಿದೆಯೋ ಇಲ್ಲವೋ ಗೊತ್ತಿಲ್ಲ. ಕೊರೊನಾದಿಂದಾಗಿ ವೋಟೂ ಫೋನಿನಲ್ಲೇ; ನಾನಂತೂ ಹಿರಿಯರ ಹೆಸರನ್ನು ಒತ್ತಿದೆ. ಯಾರು ಯಾರಿಗೆ ಒತ್ತಿದರೆಂದು ಪರದೆಯ ಮೇಲೆ ಕಾಣುವುದಿಲ್ಲ, ಮೊತ್ತ ಮಾತ್ರ ಕಾಣುತ್ತದೆ. ಹಿರಿಯರು ಗೆದ್ದಿದ್ದರು, ಒಂದೇ ವೋಟಿನಿಂದ.

ಅಂದು ಊಟಕ್ಕೆ ಕೂತಾಗ ಸಾರಿಗೆ ಉಪ್ಪಿರಲಿಲ್ಲ. ಮೆಲ್ಲಗೆ ಕೇಳಿದೆ. "ಹಾಕ್ಬೇಕೋ ಬೇಡ್ವೋ ಅಂತ ನಂಗೂ ಅನುಮಾನ ಇತ್ತು. ಒಂದು ಹೂ ಇಟ್ಟಿದೀನಿ, ಬೀಳಲಿ, ನೋಡೋಣ" ಅಂದಳು.

೨. ತನಕಾ-ಸಾನ್ ಅವರ ಸಂತಾಪ

ಆ ದಿನಗಳಲ್ಲಿ ವಾರಕ್ಕೊಮ್ಮೆ ಮಾತ್ರ ಕಚೇರಿಗೆ ಹೋಗುವುದು. ನನ್ನ ಪಕ್ಕದ ಮೇಜಿನ ತನಕಾ-ಸಾನ್ ಬಹಳ ಸಜ್ಜನರು. ನನಗೂ ಅವರಿಗೂ ನಡುವೆ ಒಂದು ಪ್ಲಾಸ್ಟಿಕ್ ತಡಿಕೆ, ಇಬ್ಬರ ಮುಖಕ್ಕೂ ಮಾಸ್ಕು. ನನ್ನ ಮುಖದಲ್ಲಿ ಕಾಣುವುದು ಕಣ್ಣೆರಡೇ ಆದರೂ, "ಏನೋ ಚಿಂತೆಯಲ್ಲಿದ್ದೀರಿ" ಅಂದರು.

ನನಗೆ ಬರುವಷ್ಟು ಜಪಾನಿಯಲ್ಲಿ ಹೇಳಿದೆ: ನಮ್ಮ ಸಂಘ, ಅಧ್ಯಕ್ಷ ಪದವಿ, ಇಬ್ಬರು ನಿಂತದ್ದು, ಹಿರಿಯರು ಒಂದೇ ವೋಟಿನಿಂದ ಗೆದ್ದದ್ದು. ಅವರು ಎದ್ದು ನಿಂತು, ಸೊಂಟ ಬಗ್ಗಿಸಿ, "ಛೇ, ಪಾಪ! ಅವರ ಆರೋಗ್ಯ ಹೇಗಿದೆ?" ಅಂದರು.

"ಯಾರ ಆರೋಗ್ಯ?"

"ಅಧ್ಯಕ್ಷರಾಗಬೇಕಾಗಿ ಬಂದಿದೆಯಲ್ಲ, ಅವರದು."

ಆಮೇಲೆ ಅವರ ಕಟ್ಟಡದ ನಿವಾಸಿಗಳ ಸಂಘದ ಪದ್ಧತಿ ಹೇಳಿದರು. ಅಧ್ಯಕ್ಷರು ಯಾರಾಗುತ್ತೀರಿ ಎಂದು ಕೇಳಿದೊಡನೆ ಎಲ್ಲರೂ ತಲೆ ತಗ್ಗಿಸಿ ಚಾಪೆ ನೋಡುತ್ತಾರಂತೆ. ಕೊನೆಗೆ ಕಲ್ಲು, ಕತ್ತರಿ, ಕಾಗದದ ಆಟ ಆಡಿ ಸೋತವರನ್ನು ಅಧ್ಯಕ್ಷರನ್ನಾಗಿ ಮಾಡುತ್ತಾರಂತೆ. ತಾವೂ ಒಮ್ಮೆ ಸೋತು ಒಂದು ವರ್ಷ ಕಸದ ತೊಟ್ಟಿ ಕಾದದ್ದನ್ನು ನೆನೆದು ನಿಟ್ಟುಸಿರಿಟ್ಟರು.

"ಆದರೆ ಡಾಕ್ಟರಮ್ಮನ ಕಡೆಯವರಿಗೆ ಕೋಪ ಬಂದಿದೆ" ಅಂದೆ.

"ಯಾಕೆ? ಅವರು ತಪ್ಪಿಸಿಕೊಂಡರಲ್ಲ?"

ಪಕ್ಷನಿಷ್ಠೆ, ಅಭಿಮಾನ, ಮುನಿಸು ಇವಕ್ಕೆಲ್ಲ ಜಪಾನಿ ಮಾತು ನನಗೆ ಗೊತ್ತಿರಲಿಲ್ಲ. "ಅದು ನಮ್ಮ ಸಂಸ್ಕೃತಿ" ಅಂದುಬಿಟ್ಟೆ. ತನಕಾ-ಸಾನ್ ಗೌರವದಿಂದ ತಲೆದೂಗಿ, "ಯೋಗದ ಹಾಗೆ" ಅಂದರು.

೩. ಖಾಲಿ ಬಂದ ಡಬ್ಬಿ

ಓಜಿಮಾದ ನಮ್ಮ ಕಟ್ಟಡದಲ್ಲಿ ನಾವಿರುವುದು ನಾಲ್ಕನೇ ಮಹಡಿ. ಹನ್ನೊಂದನೆಯದರಲ್ಲಿ ಒಬ್ಬರು ರಾಯರಿದ್ದಾರೆ. ಡಾಕ್ಟರಮ್ಮನ ಪರವಾಗಿ ಮನೆಮನೆಗೆ ಫೋನು ಮಾಡಿದವರು. ಫಲಿತಾಂಶ ಬಂದ ಮೇಲೆ ಅವರು ನನ್ನೊಡನೆ ಮಾತು ಬಿಟ್ಟರು. ಲಿಫ್ಟಿನೊಳಗೆ ಮಾತಾಡಬೇಡಿ ಎಂದು ಕೊರೊನಾ ಚೀಟಿ ಹೇಗೂ ಅಂಟಿಸಿದ್ದರಿಂದ ಮೊದಲು ನನಗೆ ತಿಳಿಯಲಿಲ್ಲ, ನಿಯಮ ಪಾಲಿಸುತ್ತಿದ್ದಾರೆ ಅಂದುಕೊಂಡೆ. ಆಮೇಲೆ ನಾನು ಲಿಫ್ಟಿನಲ್ಲಿದ್ದರೆ ಅವರು ಮೆಟ್ಟಿಲಿನ ಕಡೆ ತಿರುಗತೊಡಗಿದರು. ಹನ್ನೊಂದು ಮಹಡಿ! ಕೈಯಲ್ಲಿ ಅಕ್ಕಿ ಚೀಲವಿದ್ದ ದಿನವೂ ಹತ್ತಿದರು. ನಾಲ್ಕನೆಯ ಮಹಡಿಯಲ್ಲಿ ನಮ್ಮ ಬಾಗಿಲ ಮುಂದೆ ಅವರ ಏದುಸಿರು ಕೇಳಿದಾಗಲೆಲ್ಲ, ಇನ್ನೂ ಏಳು ಮಹಡಿ ಇದೆಯಲ್ಲ ಎಂದು ಒಳಗೆ ಕೂತು ಲೆಕ್ಕ ಹಾಕುತ್ತಿದ್ದೆ.

ಅದಕ್ಕಿಂತ ಹೆಚ್ಚಾಗಿ ಹೆದರಿಸಿದ್ದು ಡಬ್ಬಿ. ಭೀಮನ ಅಮಾವಾಸ್ಯೆಗೆ ನನ್ನ ಹೆಂಡತಿ ಅವರ ಮನೆಗೆ ಕಡುಬು ಕಳಿಸಿದ್ದಳು. ನಮ್ಮವರಲ್ಲಿ ಇನ್ನೊಬ್ಬರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದುಂಟೇ? ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಆ ಸಲ ಡಬ್ಬಿ ಬಾಗಿಲ ಹಿಡಿಗೆ ಚೀಲದಲ್ಲಿ ನೇತಾಡುತ್ತಿತ್ತು. ತೆಗೆದು ನೋಡಿದರೆ ಖಾಲಿ! ತೊಳೆದು, ಒರೆಸಿ, ಮೇಲೆ ಸ್ಯಾನಿಟೈಸರ್ ಬೇರೆ ಹೊಡೆದಿದ್ದರು. ನನ್ನ ಹೆಂಡತಿ ಅದನ್ನು ತಲೆಕೆಳಗು ಮಾಡಿ ಕೊಡವಿಯೂ ನೋಡಿದಳು. ಅವಳೂ ಅವರ ಪಕ್ಷವೇ, ಆದರೆ ಡಬ್ಬಿ ನಮ್ಮ ಮನೆಯದು.

ಹಿಂದಿನ ವರ್ಷ ಊರಿನಲ್ಲಿ ನನ್ನ ತಾಯಿ ತೀರಿಕೊಂಡಾಗ ವಿಮಾನವಿರಲಿಲ್ಲ. ಇಲ್ಲೇ ಕೂತು ಸೂತಕ ಕಳೆದೆ. ಆಗ ಒಂದು ಹೊತ್ತಿಗೆ ಡಾಕ್ಟರಮ್ಮ, ಒಂದು ಹೊತ್ತಿಗೆ ಹಿರಿಯರ ಮನೆಯವರು, ಒಂದು ಹೊತ್ತಿಗೆ ಇದೇ ರಾಯರು ಬಾಗಿಲ ಹೊರಗೆ ಅನ್ನದ ಡಬ್ಬಿ ಇಟ್ಟು ಹೋಗಿದ್ದರು. ಆ ಜನವೇ ಈಗ ಎರಡು ಭಾಗವಾಗುತ್ತಿತ್ತು. ಅಷ್ಟರಲ್ಲಿ ಹಿರಿಯರ ಫೋನು ಬಂತು: "ಭಟ್ರೇ, ಹಬ್ಬದ ಪೂಜೆ ನಿಮ್ಮದೇ, ನೆನಪಿರಲಿ." ಅದರ ಹಿಂದೆಯೇ ರಾಯರ ಸಂದೇಶ: "ನಾವು ಹಿರಿಯರಿಗೆ ವೋಟು ಹಾಕೋದಿಲ್ಲ. ಈ ವರ್ಷ ನಿಶಿ ಕಸಾಯಿಯಲ್ಲಿ ನಮ್ಮದೇ ಗಣಪ. ನಿಮ್ಮ ಮೇಲೆ ಸಿಟ್ಟಿದೆ, ಆದರೆ ಮಂತ್ರ ಬೇರೆ ಯಾರಿಗೂ ಬರೋದಿಲ್ಲ. ಅದೇ ಮುಹೂರ್ತಕ್ಕೆ ಬನ್ನಿ."

ಓಜಿಮಾದಲ್ಲಿ ಸಂಘದ ಗಣಪ, ಅರಕಾವಾ ಹೊಳೆಯಾಚೆ ನಿಶಿ ಕಸಾಯಿಯಲ್ಲಿ ಇನ್ನೊಬ್ಬ, ಮುಹೂರ್ತ ಒಂದೇ. ಯಾರ ಮನೆಗೆ ಹೋಗದಿದ್ದರೂ ಆ ಮನೆಯ ಅನ್ನದ ಋಣ ಮುರಿದಂತೆ. "ಏನು ಮಾಡ್ಲಿ ಹೇಳು" ಅಂತ ಹೆಂಡತಿಯನ್ನು ಕೇಳಿದೆ.

"ಅರಕಾವಾ ಸೇತುವೆ ಮಧ್ಯ ನಿಂತ್ಕೊಂಡು ಜೋರಾಗಿ ಮಂತ್ರ ಹೇಳಿ. ಎರಡು ದಡಕ್ಕೂ ಕೇಳ್ಸತ್ತೆ."

೪. ನಿಷ್ಠೆಯ ಪೂಜೆ

ಮುಖ್ಯ ಚುನಾವಣೆಗೆ ಒಂದು ವಾರವಿದೆ ಎನ್ನುವಾಗ ಹಿರಿಯರು ಒಂದು ಉಪಾಯ ಮಾಡಿದರು. ಭಾನುವಾರ ಬೆಳಿಗ್ಗೆ ಗುಂಪಿನವರೆಲ್ಲ ಅವರವರ ಮನೆಯಿಂದಲೇ ಕಂಪ್ಯೂಟರ್ ಪರದೆಯ ಮೇಲೆ ಸೇರಬೇಕು. ನಾನು ನಮ್ಮ ಮನೆಯಲ್ಲೇ ಗಣಪನಿಗೆ ಪೂಜೆ ಮಾಡಬೇಕು. ಮಂಗಳಾರತಿ ಆದ ಮೇಲೆ ಎಲ್ಲರೂ ಅವರವರ ಮನೆಯಲ್ಲಿ ಕೈಮುಗಿದು, ವೋಟು ಗುಂಪಿಗೇ ಹಾಕುತ್ತೇವೆ ಅಂತ ಮಾತು ಕೊಡಬೇಕು.

ಎಲ್ಲರೂ ಬಂದರು. ರಾಯರೂ ಬಂದರು, ಮುಖ ಊದಿಸಿಕೊಂಡು. ಡಾಕ್ಟರಮ್ಮ ಸೆರಗು ಹೊದ್ದು ಶಾಂತವಾಗಿ ಕೂತಿದ್ದರು. ಪೂಜೆಯ ಹೊತ್ತಿನಲ್ಲಿ ಪದ್ಧತಿಯೆಂದರೆ ಎಲ್ಲ ಮನೆಯ ಮೈಕೂ ಬಂದ್, ಭಟ್ಟರ ಮನೆಯದು ಮಾತ್ರ ಚಾಲೂ. ಇಲ್ಲದಿದ್ದರೆ ಮಂತ್ರದ ನಡುವೆ ಯಾರದೋ ಕುಕ್ಕರ್ ಕೂಗುತ್ತದೆ.

ಧ್ಯಾನ, ಆವಾಹನೆ ಮುಗಿಯಿತು. ಗಣಪನ ತಲೆಯ ಮೇಲೆ ಸೇವಂತಿಗೆ ಇಡಲು ಕೈ ಎತ್ತಿದೆ. ಅಡುಗೆ ಮನೆಯಲ್ಲಿ ಕೋಸಂಬರಿಗೆ ಕಾಯಿ ತುರಿಯುತ್ತಿದ್ದ ನನ್ನ ಹೆಂಡತಿ ಅಲ್ಲಿಂದಲೇ ಗಟ್ಟಿಯಾಗಿ ಹೇಳಿದಳು:

"ಹೂವನ್ನ ಸ್ವಲ್ಪ ಬಿಗಿಯಾಗಿ ಸಿಕ್ಸಿ ರೀ! ಮತ್ತೆ ಭೂಕಂಪ ಆಗಿ ಹಿರಿಯರಿಗೆ ಇನ್ನೊಂದು ವೋಟು ಬಿದ್ದೀತು!"

ನನ್ನ ಕೈ ಅಲ್ಲೇ ನಿಂತಿತು. ಪರದೆಯ ಮೇಲೆ ಅಷ್ಟೂ ಮುಖಗಳು ಚಿತ್ರದ ಹಾಗೆ ನಿಂತುವು. ಹಿರಿಯರು ಮೈಕು ತೆರೆದು, "ಏನಮ್ಮಾ ಅದು, ಭೂಕಂಪದ ವಿಷಯ?" ಅಂದರು. ಅವಳು ತುರಿಯುವ ಮಣೆ ಬಿಟ್ಟು ಬಂದು, ಸೆರಗಿಗೆ ಕೈ ಒರೆಸಿಕೊಂಡು, ನಡೆದದ್ದನ್ನು ಒಂದನ್ನೂ ಬಿಡದೆ ಹೇಳಿದಳು. ನಾನು ಗಣಪನ ಮುಖವನ್ನೇ ನೋಡುತ್ತ ಕೂತೆ. ಅವನೂ ನನ್ನ ಕೈಬಿಟ್ಟಂತಿತ್ತು.

ರಾಯರ ಮೈಕು ಪಟ್ಟನೆ ತೆರೆಯಿತು. "ನೋಡಿದ್ರಾ! ಒಂದೇ ವೋಟು! ಅದೂ ಭೂಕಂಪದ್ದು! ಇದು ಗೆಲುವೇನ್ರೀ? ಡಾಕ್ಟರಮ್ಮನಿಗೆ ಮೋಸ ಆಗಿದೆ!"

ಹಿರಿಯರ ಮುಖ ಸಣ್ಣದಾಯಿತು. "ಭಟ್ಟರದು ಬಿಡಿ, ಅವರು ದೇವರನ್ನಾದರೂ ಕೇಳಿದರು. ನಮ್ಮ ಮನೆ ವೋಟು ಒತ್ತಿದ್ದು ನನ್ನ ಹೆಂಡತಿ. ಯಾರಿಗೆ ಒತ್ತಿದಳು ಅಂತ ಇವತ್ತಿಗೂ ಹೇಳಿಲ್ಲ" ಅಂದರು.

ಪಕ್ಕದಿಂದ ಆ ತಾಯಿಯ ದನಿ ಬಂತು: "ಡಾಕ್ಟರಮ್ಮನಿಗೇ ಒತ್ತಿದ್ದು. ಈಗಲೇ ಮನೇಲಿ ಒಂದು ಲೋಟ ಎತ್ತಿಡಲ್ಲ. ಅಧ್ಯಕ್ಷರಾದ್ರೆ ಇವರನ್ನ ಹಿಡಿಯೋರು ಯಾರು?"

ಯಾರೋ ಕಿಸಕ್ಕೆಂದರು. ರಾಯರಿಗೆ ಇನ್ನಷ್ಟು ಹುರುಪು ಬಂತು. "ಕೇಳಿದ್ರಾ? ಹಿರಿಯರ ಮನೆ ವೋಟೇ ನಮ್ಮದು! ಹಾಗಿದ್ದೂ ನಾವು ಒಂದರಲ್ಲಿ ಸೋತಿದ್ದೀವಿ ಅಂದ್ರೆ ನಮ್ಮೊಳಗೇ ಯಾರೋ ಕೈಕೊಟ್ಟಿದ್ದಾರೆ. ಯಾರು ಅಂತ ದೇವರ ಮುಂದೆ ಹೇಳಿಬಿಡಲಿ!"

ಇಬ್ಬರು ಮೂವರು ತಮ್ಮ ಕ್ಯಾಮೆರಾ ಮುಚ್ಚಿಕೊಂಡರು. ಇನ್ನೊಂದು ಹೆಸರು ಹೊರಬಿದ್ದರೆ ಗಣಪ ಎರಡಲ್ಲ, ಮೂರಾಗುತ್ತಾನೆ ಅನ್ನಿಸಿತು. ಆಗ ಡಾಕ್ಟರಮ್ಮ ಮೆಲ್ಲಗೆ ಮೈಕು ತೆರೆದರು.

"ಸುಮಿಮಾಸೆನ್, ಕ್ಷಮಿಸಿ... ಅದು ನಾನೇ."

"ಏನು ನೀವೇ?" ಅಂದರು ರಾಯರು.

"ಹಿರಿಯರಿಗೆ ವೋಟು ಹಾಕಿದ್ದು. ನಮ್ಮ ಹೆಸರನ್ನ ನಾವೇ ಒತ್ಕೊಳ್ಳೋದು ಚೆನ್ನಾಗಿರಲ್ಲ ಅನ್ನಿಸ್ತು. ದೊಡ್ಡವರು ಬೇರೆ ಎದುರಿಗಿದ್ದಾರೆ. ಹೇಗೂ ನೀವೆಲ್ಲ ನನಗೆ ಹಾಕ್ತೀರಲ್ಲ ಅಂತ..."

ರಾಯರು ಪರದೆಗೇ ಮುಖ ಅಂಟಿಸಿದರು. "ಡಾಕ್ಟರಮ್ಮಾ! ನಿಮಗೋಸ್ಕರ ನಾನು ಅಕ್ಕಿ ಚೀಲ ಹೊತ್ಕೊಂಡು ಹನ್ನೊಂದು ಮಹಡಿ ಹತ್ತಿದೀನಮ್ಮಾ! ಎರಡು ಮೊಣಕಾಲೂ ಹೋಯ್ತು!"

ಮೊದಲು ನಕ್ಕವರು ಹಿರಿಯರೇ. ಆಮೇಲೆ ಒಂದೊಂದೇ ಮೈಕು ತೆರೆದು ಓಜಿಮಾ, ಯೋಕೋಹಾಮಾ, ನಿಶಿ ಕಸಾಯಿ ಎಲ್ಲ ಸೇರಿ ನಕ್ಕವು. ಪೂಜೆಯ ನಡುವೆ ನಗಬಾರದು. ನಾನೂ ನಕ್ಕೆ. ಹೂ ಇನ್ನೂ ಕೈಯಲ್ಲೇ ಇತ್ತು. ಈ ಸಲ ಬಿಗಿಯಾಗಿಯೇ ಸಿಕ್ಕಿಸಿದೆ. ಮಂಗಳಾರತಿಯಾದ ಮೇಲೆ ಎರಡನೆಯ ಗಣಪನ ಮಾತನ್ನು ಯಾರೂ ಎತ್ತಲಿಲ್ಲ.

ಮುಂದಿನ ಭಾನುವಾರ ನಾವೆಲ್ಲ ಒಗ್ಗಟ್ಟಾಗಿ ವೋಟು ಹಾಕಿ, ಒಗ್ಗಟ್ಟಾಗಿ ಸೋತೆವು. ಒಂದೇ ವೋಟಿನಿಂದ. ಹಿರಿಯರು ತಮ್ಮ ಹೆಂಡತಿಯ ಮುಖ ನೋಡಿದರಂತೆ. ಆ ತಾಯಿ ಎತ್ತಿಡದೆ ಬಿದ್ದಿದ್ದ ಲೋಟ ತೋರಿಸಿದರಂತೆ.

ಹಬ್ಬದ ಬೆಳಿಗ್ಗೆ ಒಂದೇ ಗಣಪನ ಸಾಮಾನು ಹೊತ್ತು ಲಿಫ್ಟು ಹತ್ತಿದೆ. ಮೇಲಿನಿಂದ ರಾಯರು ಅದರಲ್ಲೇ ಇಳಿದು ಬರುತ್ತಿದ್ದರು. ಮಾತಾಡಬಾರದೆಂಬ ಚೀಟಿ ತೋರಿಸಿ, ಬಾಯಿ ಮುಚ್ಚಿಕೊಂಡೇ ಒಂದು ಡಬ್ಬಿಯನ್ನು ನನ್ನ ಸಾಮಾನಿನ ಮೇಲಿಟ್ಟರು. ತುಂಬ ಮೋದಕವಿತ್ತು.

ಮರುವಾರ ಕಚೇರಿಯಲ್ಲಿ ತನಕಾ-ಸಾನ್ ಅವರಿಗೆ ಸುದ್ದಿ ಹೇಳಿದೆ: ಪೂಜೆ ಮಾಡಿಯೇ ಮುಖ್ಯ ಚುನಾವಣೆಗೆ ಹೋದೆವು, ಆದರೂ ನಮ್ಮ ಹಿರಿಯರು ಸೋತರು. ಅವರು ತಡಿಕೆಯಾಚೆ ಧಡಕ್ಕನೆ ಎದ್ದು, ಎರಡು ಕೈಯಿಂದ ಚಪ್ಪಾಳೆ ತಟ್ಟಿ, "ಅಭಿನಂದನೆ! ನೀವು ಮಾಡಿದ ಪೂಜೆ ಫಲಿಸಿತು!" ಅಂದರು.