ಡಬಲ್ ಬೇಸಿಗೊಂದು ಪೆಟ್ಟಿಗೆ

ಇನಾಸ್ ಸರ್ ತೀರಿಕೊಂಡ ಸುದ್ದಿ ಬಂದಾಗ ನಾನು ಚೆನ್ನಾಗಿ ಅತ್ತೆ. ಅತ್ತು ಮುಗಿದ ಮೇಲೆ ಒಂದು ಬಗೆಯ ಧೈರ್ಯವೂ ಬಂತು. ಯಾಕೆಂದರೆ ಅವರ ಕೊನೆಯ ಆಸೆಯನ್ನು ನಡೆಸಿಕೊಡಲು ನಾನು ಸಂಪೂರ್ಣ ಸಿದ್ಧನಾಗಿದ್ದೆ. ವಾದ್ಯ ಸಿದ್ಧ, ಸಂಗೀತ ಸಿದ್ಧ, ಪೆಟ್ಟಿಗೆಯೂ ಸಿದ್ಧ. ಇಷ್ಟು ತಯಾರಿ ಮಾಡಿಕೊಂಡು ನಾನು ಯಾವ ಕಾರ್ಯಕ್ಕೂ ಹೊರಟವನಲ್ಲ, ನನ್ನ ಮದುವೆಗೂ! ಏನಾದರೂ ತಪ್ಪಬಹುದೇ ಎಂದು ಕೂತು ಯೋಚಿಸಿದೆ. ಏನೂ ಹೊಳೆಯಲಿಲ್ಲ.

ನಾನು ಡಬಲ್ ಬೇಸ್ ನುಡಿಸುವವನು. ಹಾಗೆಂದರೇನು ಎಂದು ಕೇಳುವವರಿಗಾಗಿ, ಅಂದರೆ ಎಲ್ಲರಿಗಾಗಿ, ಹೇಳುತ್ತೇನೆ. ಪಿಟೀಲಿಗೆ ಗೊಬ್ಬರ ಹಾಕಿ ಆಳೆತ್ತರ ಬೆಳೆಸಿದರೆ ಹೇಗಿದ್ದೀತೋ ಹಾಗಿರುವ ವಾದ್ಯ. ಅದನ್ನು ನಿಂತುಕೊಂಡು, ತಬ್ಬಿಕೊಂಡು, ಕಮಾನಿನಿಂದಲೋ ಬೆರಳಿನಿಂದಲೋ ನುಡಿಸಬೇಕು. ಅದರ ಸ್ವರ ಎಷ್ಟು ತಗ್ಗಿನಲ್ಲಿರುತ್ತದೆ ಎಂದರೆ, ಕೇಳಿದವರಿಗೆ ತಾವು ಕೇಳಿದ್ದೇವೆ ಎಂದೇ ಗೊತ್ತಾಗುವುದಿಲ್ಲ.

ನನ್ನ ಪ್ರತಿಭೆಗೆ ಅನೇಕ ಮುಖಗಳಿವೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಬೇರೆ ಯಾರೂ ಹೇಳದ ಕಾರಣ. ನಮ್ಮ ಕಲ್ಯಾಣಪುರದ ಇಗರ್ಜಿಯ ಗಾಯನ ಮಂಡಳಿಯಲ್ಲಿ ನುಡಿಸುತ್ತೇನೆ. ಉಡುಪಿಯ ಮದುವೆ ಹಾಲ್‌ಗಳಲ್ಲಿ ಜನ ಕುಣಿಯುವ ಬೈಲಾ ಹಾಡು ನುಡಿಸುತ್ತೇನೆ. ಕಾಪುವಿನ ಸಮುದ್ರದ ಬದಿಯ ರೆಸಾರ್ಟ್ ಒಂದರಲ್ಲಿ ಶನಿವಾರ ಶನಿವಾರ ಜಾಜ್ ನುಡಿಸುತ್ತೇನೆ. ಅಲ್ಲಿ ನನ್ನ ಸ್ಥಾನ ನೀರುದೋಸೆ ಕೌಂಟರಿನ ಹಿಂದೆ. ಒಂದು ಚಿನ್ನದಂಗಡಿಯ ಜಾಹೀರಾತಿಗೆ ಸಂಗೀತ ರಚಿಸಿದ್ದೇನೆ. ಅವರು ಅದರಲ್ಲಿ ಗಂಟೆಯ ಸದ್ದು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ತೆಗೆದರು. ಇನ್ನು ಅಧ್ಯಾಪನ. ಮಣಿಪಾಲದಲ್ಲಿ ಒಂದು ಕೋಣೆಯ ಬಾಗಿಲಿಗೆ ಬೋರ್ಡ್ ಹಾಕಿ ಕೂರುತ್ತೇನೆ. ವಿದ್ಯಾರ್ಥಿಗಳು ಬರುತ್ತಾರೆ. "ಸರ್, ಗಿಟಾರ್ ಕ್ಲಾಸ್ ಎಲ್ಲಿ?" ಎಂದು ಕೇಳುತ್ತಾರೆ. ಮೇಲಿನ ಮಹಡಿ ಎಂದು ತೋರಿಸುತ್ತೇನೆ. ಇದೂ ಒಂದು ಬಗೆಯ ಮಾರ್ಗದರ್ಶನವೇ ಅಲ್ಲವೇ!

ಇಷ್ಟು ವರ್ಷಗಳಲ್ಲಿ ಜನ ನನ್ನ ನುಡಿಸುವಿಕೆಯ ಬಗ್ಗೆ ಕೇಳಿದ ಪ್ರಶ್ನೆ ಒಂದೇ. "ಅಷ್ಟು ಹೊತ್ತು ನಿಂತು ಕಾಲು ನೋಯುವುದಿಲ್ಲವಾ?" ಮೊದಲ ಸಲ ಹೀಗಾದಾಗ ನಾನು ಬೇಸರದಲ್ಲಿ ಇನಾಸ್ ಸರ್ ಹತ್ತಿರ ದೂರು ಹೇಳಿದ್ದೆ. ಅವರು ನಕ್ಕು, "ನನಗೂ ಅದನ್ನೇ ಕೇಳುತ್ತಾರೆ ಮಾರಾಯ. ಇಲ್ಲ, ಅಭ್ಯಾಸ ಉಂಟು ಅಂತ ಹೇಳಿ ಬಿಡು. ಬೇಗ ಹೋಗುತ್ತಾರೆ" ಎಂದಿದ್ದರು.

ಇನಾಸ್ ಸರ್ ಕಾರ್ಕಳದವರು, ನನ್ನ ಗುರುಗಳು. ಮುಂಬಯಿಯಲ್ಲಿ ಸಿನಿಮಾದವರ ವಾದ್ಯಗೋಷ್ಠಿಗಳಲ್ಲಿ ನುಡಿಸಿ ಊರಿಗೆ ಮರಳಿದವರು. ಕೈ ನಡುಗತೊಡಗಿದಾಗ ತಮ್ಮ ಬೇಸನ್ನು ನನಗೆ ಕೊಟ್ಟುಬಿಟ್ಟರು. ಕೊಡುವಾಗ ಒಂದು ಮಾತು ತೆಗೆದುಕೊಂಡರು.

"ವಿಲ್ಲಿ, ನನ್ನ ಮರಣಕ್ಕೆ ಬ್ಯಾಂಡ್ ಗೀಂಡ್ ಬೇಡ. ಟ್ರಂಪೆಟ್ಟಿನವರ ಹಿಂದೆ ನಿಂತು ನಿಂತು ಸಾಕಾಗಿದೆ. ಮಣ್ಣು ಮಾಡುವಾಗ ನೀನೊಬ್ಬನೇ ನುಡಿಸು. ಬೇಸ್ ಒಂದೇ. ಒಂದು ದಿನವಾದರೂ ಇದು ಮುಂದೆ ನಿಲ್ಲಲಿ."

ನಾನು ಮಾತು ಕೊಟ್ಟೆ. ಅವರಿಗೆಂದೇ ಒಂದು ರಚನೆ ಮಾಡಿದೆ. ಕಮಾನನ್ನು ನಿಧಾನವಾಗಿ ಎಳೆದು ನುಡಿಸುವ ದೀರ್ಘ ಸ್ವರಗಳ ರಚನೆ. ಅದನ್ನು ಅವರಿಗೆ ಕೇಳಿಸಲಿಲ್ಲ. ಕೇಳಿಸಿದರೆ ಅವರು ಸಾಯುವುದನ್ನು ಕಾಯುತ್ತಿದ್ದೇನೆ ಎಂದಾಗುತ್ತದಲ್ಲ!

ಇನ್ನು ಪೆಟ್ಟಿಗೆಯ ವಿಚಾರ. ಬೇಸಿನ ಬಟ್ಟೆಯ ಚೀಲವನ್ನು ಇಲಿ ತಿಂದು ಹಾಕಿತ್ತು. ಮರದ ಗಟ್ಟಿ ಪೆಟ್ಟಿಗೆ ಮಾಡಿಸೋಣವೆಂದರೆ, ಆ ಅಳತೆಯ ಪೆಟ್ಟಿಗೆ ಮಾಡಿ ಅನುಭವವಿದ್ದವರು ನಮ್ಮಲ್ಲಿ ಒಬ್ಬರೇ. ಸಾಲುಬಾಬ್. ಅವರು ಶವಪೆಟ್ಟಿಗೆ ಮಾಡುವವರು. ನಾನು ಅಳತೆ ಕೊಟ್ಟೆ. ಅವರು ಬಹಳ ಶ್ರದ್ಧೆಯಿಂದ ಮಾಡಿದರು. ಹೊರಗೆ ಕಪ್ಪು ಪಾಲಿಶ್, ಎರಡೂ ಬದಿ ಹಿತ್ತಾಳೆಯ ಹಿಡಿ, ಒಳಗೆ ಬಿಳಿ ಸ್ಯಾಟಿನ್ ಬಟ್ಟೆಯ ಮೆತ್ತೆ. ಮುಚ್ಚಳದ ಮೇಲೆ ಒಂದು ಶಿಲುಬೆ!

"ಸಾಲುಬಾಬ್, ಇದೆಂತ?" ಎಂದೆ.

"ಕೈ ತಪ್ಪಿ ಹೊಡೆದುಬಿಟ್ಟೆ. ಅಭ್ಯಾಸ ಅಲ್ವಾ."

"ತೆಗೆಯಿರಿ ಹಾಗಾದರೆ."

"ತೆಗೆದರೆ ಮೊಳೆಯ ತೂತು ಉಳಿಯುತ್ತದೆ. ಮಳೆಗಾಲದಲ್ಲಿ ನೀರು ಒಳಗೆ ಹೋಗುತ್ತದೆ. ನಿಮ್ಮ ಇಷ್ಟ."

ವಾದ್ಯಕ್ಕೆ ನೀರು ಆಗದು. ಶಿಲುಬೆ ಉಳಿಯಿತು. ಪೆಟ್ಟಿಗೆ ಮನೆಗೆ ಬಂದಾಗ ನನ್ನ ಹೆಂಡತಿ ಜೆಸಿಂತಾ ಅದರ ಸುತ್ತ ಒಂದು ಸುತ್ತು ಬಂದಳು. ಹಿಡಿಯನ್ನು ಎಳೆದು ನೋಡಿದಳು. "ಒಳ್ಳೆ ಮರ. ಮುಂದೆ ನಿಮಗೂ ಆಗುತ್ತದೆ" ಎಂದಳು.

ಸರ್ ತೀರಿಕೊಂಡದ್ದು ಮಣಿಪಾಲದ ಆಸ್ಪತ್ರೆಯಲ್ಲಿ. ಮಗಳು ಕುವೈತಿನಿಂದ ಬರುವವರೆಗೆ ದೇಹವನ್ನು ಅಲ್ಲೇ ಶೀತಾಗಾರದಲ್ಲಿ ಇಟ್ಟರು. ಅಂತ್ಯಕ್ರಿಯೆ ಕಾರ್ಕಳದಲ್ಲಿ, ಸಂಜೆ ನಾಲ್ಕಕ್ಕೆ. ನಾನು ಬೆಳಿಗ್ಗೆಯೇ ಪೆಟ್ಟಿಗೆಯನ್ನು ಬಸ್‌ಸ್ಟಾಪಿಗೆ ಹೊರಿಸಿದೆ. ಚೀಲದಲ್ಲಿದ್ದಾಗ ಬೇಸನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಎಷ್ಟೋ ಸಲ ಕೊಂಡುಹೋಗಿದ್ದೆ. ಕಂಡಕ್ಟರುಗಳೆಲ್ಲ ಪರಿಚಯದವರೇ.

ಬಸ್ ಬಂತು. ಕಂಡಕ್ಟರ್ ಇಳಿದ. ಪೆಟ್ಟಿಗೆ ನೋಡಿದ. ಅವನ ಮುಖ ಬಿಳುಚಿತು.

"ಇದನ್ನೆಲ್ಲ ಬಸ್ಸಿನಲ್ಲಿ ಹಾಕ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಆಂಬುಲೆನ್ಸ್ ಮಾಡಿ."

"ಇದು ವಾದ್ಯ ಮಾರಾಯ! ಪ್ರತಿ ವಾರ ತರುವುದಿಲ್ಲವಾ?"

"ಪ್ರತಿ ವಾರ ತರುದಾ?" ಎಂದು ಮುಂದಿನ ಸೀಟಿನ ಹೆಂಗಸೊಬ್ಬರು ಎದೆಯ ಮೇಲೆ ಕೈಯಿಟ್ಟರು. ಇಬ್ಬರು ಎದ್ದು ನಿಂತು ಕೈ ಮುಗಿದರು. ಮುಚ್ಚಳ ತೆರೆದು ತೋರಿಸುತ್ತೇನೆ ಎಂದು ನಾನು ಕೊಂಡಿಗೆ ಕೈ ಹಾಕಿದೆ. ಅಷ್ಟೇ! ಡ್ರೈವರ್ ಬಸ್ ಬಿಟ್ಟುಬಿಟ್ಟ. ಕಂಡಕ್ಟರ್ ಓಡಿ ಹತ್ತಿಕೊಂಡ.

ಜೊತೆಗೆ ಹೊರಟಿದ್ದ ಜೆಸಿಂತಾ ವಾಚ್ ನೋಡಿಕೊಂಡಳು. "ನಾನು ಮುಂದಿನ ಬಸ್ಸಿನಲ್ಲಿ ಮನುಷ್ಯರ ಹಾಗೆ ಹೋಗುತ್ತೇನೆ. ನೀವು ಪೆಟ್ಟಿಗೆಯೊಟ್ಟಿಗೆ ಬನ್ನಿ" ಎಂದು ಹೊರಟೇಹೋದಳು.

ನೆರೆಯ ಸದಾಶಿವಣ್ಣನಿಗೆ ಮಲ್ಪೆಯಿಂದ ಮೀನು ಸಾಗಿಸುವ ಪಿಕಪ್ ಇದೆ. ಒಳ್ಳೆಯ ಮನುಷ್ಯ. ಕೇಳಿದ ಕೂಡಲೇ, "ಕಾರ್ಕಳದವರೆಗೂ ಬಿಡುತ್ತೇನೆ, ಹತ್ತಿ" ಎಂದ. ಪಿಕಪ್ಪಿನ ಹಿಂದೆ ಐಸಿನ ನೀರು ಹರಿಯುತ್ತಿತ್ತು, ಬಂಗುಡೆಯ ಪರಿಮಳ ಬೇರೆ. ಪೆಟ್ಟಿಗೆಗೆ ಏನಾದರೂ ಆಗಲಿ, ಕಮಾನು ನೆನೆಯಬಾರದು ಎಂದು ಮುಂಜಾಗ್ರತೆಯಿಂದ ಅದನ್ನು ಹೊರತೆಗೆದು ಮುಂದಿನ ಸೀಟಿನ ಹಿಂಬದಿಯಲ್ಲಿ ಜೋಪಾನವಾಗಿ ಇಟ್ಟೆ. ಈ ಮುಂಜಾಗ್ರತೆಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನಾನು ಇಡಲಿಲ್ಲ.

ಮಣಿಪಾಲ ತಲುಪುವಾಗ ಸದಾಶಿವಣ್ಣನಿಗೆ ಫೋನ್ ಬಂತು. ದೋಣಿ ಬಂದಿದೆ, ಮೀನು ಬಿಸಿಲಿನಲ್ಲಿದೆ, ಕೂಡಲೇ ಬಾ ಎಂದು. ಅವನು ಕೈ ಜೋಡಿಸಿ, ಪೆಟ್ಟಿಗೆಯನ್ನು ಶೀತಾಗಾರದ ಎದುರು ಇಳಿಸಿ, ಬಂದ ದಾರಿಯಲ್ಲೇ ತಿರುಗಿದ. ಅಲ್ಲಿ ಇನಾಸ್ ಸರ್ ಅವರನ್ನು ಪೆಟ್ಟಿಗೆಯಲ್ಲಿಟ್ಟು ಆಗಷ್ಟೇ ಆಂಬುಲೆನ್ಸಿಗೆ ಏರಿಸುತ್ತಿದ್ದರು. ಮಗಳೂ ಅಳಿಯನೂ ಕಾರಿನಲ್ಲಿ ಮುಂದೆ ಹೋಗಿಯಾಗಿತ್ತು. ಡ್ರೈವರ್ ನನ್ನ ಪೆಟ್ಟಿಗೆ ನೋಡಿ, "ಒಂದು ಅಂತಲ್ವಾ ಹೇಳಿದ್ದು?" ಎಂದ.

ವಿವರಿಸಿದೆ. ಅವನು ತಲೆ ಕೆರೆದುಕೊಂಡು, "ಹಾಗಾದರೆ ಹಾಕಿ, ಜಾಗ ಉಂಟು" ಎಂದ. ಗುರುಗಳ ಪಕ್ಕದಲ್ಲಿ ಅವರ ಬೇಸನ್ನು ಮಲಗಿಸಿದೆವು. ಪರ್ಕಳ, ಹಿರಿಯಡ್ಕ, ಬೈಲೂರು, ದಾರಿಯುದ್ದಕ್ಕೂ ತಿರುವಿನಲ್ಲಿ ಎರಡು ಪೆಟ್ಟಿಗೆಗಳೂ ಒಂದಕ್ಕೊಂದು ತಾಗಿ ಟಕ್ ಎನ್ನುತ್ತಿದ್ದವು. ಮುಂದೆ ಡ್ರೈವರಿನ ಪಕ್ಕ ಕೂತು ನಾನು ಅದನ್ನೇ ಕೇಳುತ್ತಿದ್ದೆ. ಮದುವೆಗಳಿಗೆ ಇಬ್ಬರೂ ಸೇರಿ ಬೇಸ್ ಹೊತ್ತುಕೊಂಡು ಹೋಗುತ್ತಿದ್ದ ದಿನಗಳು ನೆನಪಾದವು. ಆ ಅರ್ಧ ದಾರಿಯಲ್ಲಿ ನನಗೆ ನಿಜವಾಗಿ ದುಃಖವಾಯಿತು. ಮಿಕ್ಕ ದಿನವೆಲ್ಲ ದುಃಖಪಡಲು ಪುರುಸೊತ್ತೇ ಸಿಗಲಿಲ್ಲ.

ಸರ್ ಅವರ ಮನೆಯಂಗಳದಲ್ಲಿ ಆಂಬುಲೆನ್ಸ್ ನಿಲ್ಲುತ್ತಿದ್ದಂತೆ ನನ್ನ ಫೋನ್ ಬಡಿದುಕೊಂಡಿತು. ಸದಾಶಿವಣ್ಣ.

"ವಿಲ್ಲಿಯಣ್ಣ, ಗಾಡಿಯಲ್ಲಿ ಕುದುರೆಬಾಲದ ಹಾಗಿನ ಒಂದು ಕೋಲು ಉಂಟು. ನಿಮ್ಮದಾ?"

"ಅಯ್ಯೋ ದೇವರೇ! ನನ್ನ ಕಮಾನು! ನೀನು ಎಲ್ಲಿದ್ದಿ?"

"ಮಲ್ಪೆಯಲ್ಲಿ. ಮೀನು ತುಂಬಿಸಿ ಆಯ್ತು. ಅರ್ಜೆಂಟ್ ಉಂಟಾ?"

ನಾನು ಅಂಗಳದ ಮೂಲೆಗೆ ಹೋಗಿ ತಲೆಗೆ ಕೈಯಿಟ್ಟು ನಿಂತೆ. ಅಷ್ಟರಲ್ಲಿ ಆಂಬುಲೆನ್ಸಿನ ಹಿಂದಿನ ಬಾಗಿಲು ತೆರೆದಿತ್ತು. ಕೊನೆಗೆ ಹಾಕಿದ ಪೆಟ್ಟಿಗೆ ಮೊದಲು ಕೈಗೆ ಸಿಗುತ್ತದೆ. ಅದರ ಮೇಲೆ ಶಿಲುಬೆಯೂ ಇತ್ತು. ಆರು ಜನ ಗಂಡಸರು ಹಿತ್ತಾಳೆಯ ಹಿಡಿಗಳನ್ನು ಹಿಡಿದು, ತಲೆ ತಗ್ಗಿಸಿ, ಅದನ್ನು ಒಳಗೆ ಕೊಂಡುಹೋದರು. ನಾನು ತಿರುಗಿ ನೋಡುವಾಗ ಮನೆಯೊಳಗಿನಿಂದ ಅಳು ಏಳುತ್ತಿತ್ತು.

ಓಡಿದೆ. ಹಾಲಿನಲ್ಲಿ ಮೇಜಿನ ಮೇಲೆ ನನ್ನ ಪೆಟ್ಟಿಗೆ, ಎರಡೂ ಬದಿ ಮೇಣದ ಬತ್ತಿ. ಜಪಸರ ಪ್ರಾರ್ಥನೆ ಆಗಲೇ ಶುರುವಾಗಿತ್ತು. ಸರ್ ಅವರ ಹೆಂಡತಿ, ನಾನು ಬಾಯಿ ಎಂದು ಕರೆಯುವ ಮೋನಿಬಾಯಿ, ಮುಚ್ಚಳದ ಮೇಲೆ ಕೈಯಿಟ್ಟು, "ಇಷ್ಟು ದೊಡ್ಡ ಪೆಟ್ಟಿಗೆ ಯಾಕೆ ಮಾಡಿಸಿದಿರಿ? ಬತ್ತಿ ಹೋಗಿದ್ದರಲ್ಲ ಅವರು" ಎಂದು ಅಳುತ್ತಿದ್ದರು. ಬಂಗುಡೆಯ ವಾಸನೆ ಹಾಲೆಲ್ಲ ಹರಡಿತ್ತು. ಜನ ಕರವಸ್ತ್ರವನ್ನು ಕಣ್ಣಿಗೆ ಒತ್ತಬೇಕಾದವರು ಮೂಗಿಗೆ ಒತ್ತಿಕೊಂಡಿದ್ದರು. ಪಾಪದವರು ಏನೇನು ತಿಳಿದುಕೊಂಡರೋ!

ನಮಗಿಂತ ಮೊದಲೇ ತಲುಪಿದ್ದ ಜೆಸಿಂತಾ ಗೋಡೆಯ ಬಳಿ ನಿಂತಿದ್ದಳು. ನನ್ನನ್ನು ನೋಡಿ ಕಣ್ಣು ದೊಡ್ಡದು ಮಾಡಿದಳು.

"ಹೋಗಿ ಹೇಳಿ" ಎಂದು ಪಿಸುಗುಟ್ಟಿದಳು.

"ನೀನೇ ಹೇಳು."

"ಪೆಟ್ಟಿಗೆ ನಿಮ್ಮದು."

"ಪ್ರಾರ್ಥನೆಯ ನಡುವೆ ಹೇಗೆ ಹೇಳಲಿ?"

ಪ್ರಾರ್ಥನೆ ಮುಗಿಯಿತು. ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಯಾರೋ ಮುಖದರ್ಶನಕ್ಕೆಂದು ಮುಚ್ಚಳ ತೆಗೆದೇಬಿಟ್ಟರು. ಬಿಳಿ ಸ್ಯಾಟಿನ್ನಿನ ಮೇಲೆ ಡಬಲ್ ಬೇಸ್ ಶಾಂತವಾಗಿ ಮಲಗಿತ್ತು.

ಅಂಥ ಮೌನ ನಾನು ಯಾವ ಕಛೇರಿಯಲ್ಲೂ ಕಂಡಿಲ್ಲ. ಮಗಳು ನನ್ನತ್ತ ನೋಡಿದಳು. ಅಳಿಯ ನೋಡಿದ. ಪಾದ್ರಿಗಳೂ ನೋಡಿದರು. ಮೋನಿಬಾಯಿ ಮಾತ್ರ ಬೇಸನ್ನೇ ನೋಡುತ್ತಿದ್ದರು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು:

"ಮದುವೆಯಾಗಿ ನಾನು ಈ ಮನೆಗೆ ಬಂದ ದಿನವೂ ಹೀಗೇ ಆಯಿತು. ಮೊದಲು ಇದನ್ನು ಕಾರಿನಿಂದ ಇಳಿಸಿ ಒಳಗೆ ತಂದರು. ಆಮೇಲೆ ನನ್ನನ್ನು."

ಒಂದಿಬ್ಬರು ನಕ್ಕರು. ಮೋನಿಬಾಯಿಯೂ ನಕ್ಕರು, ನಗುತ್ತಲೇ ಮತ್ತೆ ಅತ್ತರು. ಗಂಡಸರು ಹೊರಗೆ ಓಡಿ ಇನಾಸ್ ಸರ್ ಅವರನ್ನು ಒಳಗೆ ತಂದರು. ಅಷ್ಟು ಹೊತ್ತು ಅವರು ಆಂಬುಲೆನ್ಸಿನಲ್ಲಿ ಒಬ್ಬರೇ ಇದ್ದರು. ತಮ್ಮ ಅಂತ್ಯಕ್ರಿಯೆಯ ದಿನವೂ ಹಿಂದೆಯೇ ಕಾಯುವಂತಾಯಿತು, ನನ್ನ ದಯೆಯಿಂದ.

ಮನೆಯಿಂದ ಇಗರ್ಜಿಗೆ ಹೊರಡುವಾಗ ಇನ್ನೊಂದು ಆಘಾತ. ಗೇಟಿನ ಬಳಿ ಕೋಟು ಹಾಕಿಕೊಂಡು ಬ್ರಾಸ್ ಬ್ಯಾಂಡ್ ನಿಂತಿತ್ತು! ಅಳಿಯನ ಕಡೆಯವರು ಮರ್ಯಾದೆಗೆ ಕಡಿಮೆಯಾಗಬಾರದೆಂದು ಹೇಳಿ ಕರೆಸಿದ್ದರಂತೆ. ನಾನು ಟ್ರಂಪೆಟ್ಟಿನವನ ಹತ್ತಿರ ಹೋಗಿ, "ದಾರಿಯಲ್ಲಿ ಏನು ಬೇಕಾದರೂ ನುಡಿಸಿ. ಸಮಾಧಿಯ ಹತ್ತಿರ ಮಾತ್ರ ಒಂದು ಸ್ವರವೂ ಬೇಡ. ಅಲ್ಲಿ ನಾನೊಬ್ಬನೇ" ಎಂದು ಕೈ ಮುಗಿದು ಬೇಡಿಕೊಂಡೆ. ಅವನು ಒಪ್ಪಿದ. "ನಿಮ್ಮದು ಮುಗಿದ ಮೇಲೆ ನಮ್ಮದು" ಎಂದ. ನ್ಯಾಯವಾದ ಮಾತು.

ಸಮಾಧಿಯ ಬಳಿ ಪಾದ್ರಿಗಳು ಪ್ರಾರ್ಥನೆ ಮುಗಿಸಿ ನನ್ನತ್ತ ತಲೆಯಾಡಿಸಿದರು. ಬೇಸನ್ನು ನಿಲ್ಲಿಸಿದೆ. ಅದರ ಬುಡದಲ್ಲಿ ಒಂದು ಕಬ್ಬಿಣದ ಮೊನೆ ಇರುತ್ತದೆ, ಅದರ ಮೇಲೆ ವಾದ್ಯದ ಭಾರವೆಲ್ಲ ನಿಲ್ಲಬೇಕು. ಹೊಸದಾಗಿ ಅಗೆದ ಮಣ್ಣಿನಲ್ಲಿ ಆ ಮೊನೆ ಮೆಲ್ಲನೆ ಇಳಿಯತೊಡಗಿತು. ಬೇಸ್ ಇಳಿದಂತೆ ನಾನೂ ಬಗ್ಗಿದೆ. ಕಮಾನು ಮಲ್ಪೆಯಲ್ಲಿ ಮೀನಿನೊಟ್ಟಿಗೆ ಇದ್ದುದರಿಂದ, ಎಳೆದು ನುಡಿಸಬೇಕಾದ ದೀರ್ಘ ಸ್ವರಗಳನ್ನೆಲ್ಲ ಬೆರಳಿನಿಂದ ಮೀಟಿದೆ. ಡುಂ. ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಮತ್ತೆ ಡುಂ.

ಅಷ್ಟರಲ್ಲಿ ಜನ ಸಾಲಾಗಿ ಬಂದು ಒಂದೊಂದು ಹಿಡಿ ಮಣ್ಣು ಹಾಕತೊಡಗಿದರು. ಮಣ್ಣು ಪೆಟ್ಟಿಗೆಯ ಮೇಲೆ ಬೀಳುವ ಸದ್ದು ನನ್ನ ಸ್ವರಗಳಿಗಿಂತ ಜೋರಾಗಿತ್ತು. ನಾನು ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿಕೊಂಡು, ಗುರುಗಳನ್ನು ನೆನೆದು, ಮೊದಲಿಂದ ಕೊನೆಯವರೆಗೆ ನುಡಿಸಿದೆ. ಕೊನೆಯ ಸ್ವರಕ್ಕೆ ಬರುವಾಗ ಕೆನ್ನೆಯೆಲ್ಲ ಒದ್ದೆಯಾಗಿತ್ತು. ಕೊಟ್ಟ ಮಾತು ಹೇಗೋ ಉಳಿಯಿತು ಎಂದುಕೊಂಡೆ.

ಮೋನಿಬಾಯಿ ಹತ್ತಿರ ಬಂದು, ಮಗನದ್ದೆಂಬಂತೆ ನನ್ನ ತೋಳು ಹಿಡಿದರು.

"ಶ್ರುತಿ ಮಾಡಿ ಆಯ್ತಾ ಪುತಾ? ಇನ್ನು ಶುರು ಮಾಡು. ಫಾದರಿಗೆ ತಡವಾಗುತ್ತದೆ."

ಜೆಸಿಂತಾಳ ಮುಖ ನೋಡಿದೆ. ಅವಳು ಏನೂ ಹೇಳಬೇಡಿ ಎಂಬಂತೆ ಮೆಲ್ಲನೆ ತಲೆಯಾಡಿಸಿದಳು. "ಆಯ್ತು ಬಾಯಿ" ಎಂದು ನಾನು ಮತ್ತೆ ಮೊದಲ ಸ್ವರದಿಂದ ಶುರು ಮಾಡಿದೆ. ಆದರೆ ಟ್ರಂಪೆಟ್ಟಿನವನ ಲೆಕ್ಕದಲ್ಲಿ ನನ್ನದು ಮುಗಿದಾಗಿತ್ತು. ಅವನು ಉಸಿರೆಳೆದುಕೊಂಡು ಊದಿದ. ಇಡೀ ಬ್ಯಾಂಡ್ ಎದ್ದಿತು. ಸ್ಮಶಾನವೆಲ್ಲ ತುಂಬಿಹೋಯಿತು. ಜನ ಬಿಕ್ಕಿ ಬಿಕ್ಕಿ ಅತ್ತರು. ಸುಳ್ಳು ಹೇಳುವುದಿಲ್ಲ, ಅವನು ಚೆನ್ನಾಗಿ ಊದಿದ. ನಾನು ಅವನ ಹಿಂದೆ, ಮಣ್ಣಿನಲ್ಲಿ ಹೂತ ಬೇಸನ್ನು ಬಗ್ಗಿ ಅಪ್ಪಿಕೊಂಡು, ಕೊನೆಯವರೆಗೂ ಡುಂ ಡುಂ ಎನ್ನುತ್ತಿದ್ದೆ. ಕ್ಷಮಿಸಿ ಸರ್ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಎಲ್ಲ ಮುಗಿದ ಮೇಲೆ ಮೋನಿಬಾಯಿ ಟ್ರಂಪೆಟ್ಟಿನವನ ಎರಡೂ ಕೈ ಹಿಡಿದು, "ಅವರು ಕೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದರು" ಎಂದರು. ಆಮೇಲೆ ನನ್ನ ಬಳಿ ಬಂದರು. ಬೇಸಿನ ಹೆಗಲಿಗೆ ಅಂಟಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದರು. ನನ್ನ ಮುಖ ನೋಡಿದರು.

"ಅಷ್ಟು ಹೊತ್ತು ನಿಂತೆಯಲ್ಲ ಪುತಾ, ಕಾಲು ನೋಯಲಿಲ್ಲವಾ?"

"ಇಲ್ಲ ಬಾಯಿ," ಎಂದೆ, "ಅಭ್ಯಾಸ ಉಂಟು."